ಕೆಮ್ಮಿನ ಔಷಧಿಗೆ ಕೊಟ್ಟ ನಂಬರು

ಆರು ನಿಮಿಷ!

ಕೈಯಲ್ಲಿ ಕೆಮ್ಮಿನ ಸಿರಪ್ಪು, ಎದೆಯಲ್ಲಿ ಡವಡವ... ಚಿಲಿಯ ವಾಲ್ಪರೈಸೋದ ಗುಡ್ಡದ ಇನ್ನೂರ ಹನ್ನೊಂದು ಮೆಟ್ಟಿಲನ್ನು ಈ ಐವತ್ತೆಂಟರ ಮುದಿ ಕಾಲುಗಳು ಎರಡೆರಡಾಗಿ ಹತ್ತುತ್ತಿದ್ದವು. ಪೊಲೀಸ್ ಜೀಪು ಬರಲು ಆರೇ ನಿಮಿಷ. ನನಗೆ ಹೇಗೆ ಗೊತ್ತು ಅನ್ನುತ್ತೀರಾ? ಆ ಲೆಕ್ಕ ಹಾಕಿದವನೇ ನಾನು ಸ್ವಾಮಿ!

ಒಲೆಗಾರಿಯೋ ಬುಸ್ತೋಸ್ ನನ್ನ ಹೆಸರು. ಇಪ್ಪತ್ತೆರಡು ವರ್ಷ ಪೊಲೀಸಿನಲ್ಲಿದ್ದೆ. ಕೊನೆಯ ಒಂಬತ್ತು ವರ್ಷ ಕಂಪ್ಯೂಟರ್ ಪರದೆಗಳ ಮುಂದೆ. ಯಾರು ಎಲ್ಲಿ ಬಸ್ ಹತ್ತಿದರು, ಯಾರು ಯಾವ ಅಂಗಡಿಯಲ್ಲಿ ರುತ್ ಹೇಳಿದರು... ರುತ್ ಅಂದರೆ ನಮ್ಮ ಗುರುತಿನ ನಂಬರು. ಚಿಲಿಯವನು ಹೆಂಡತಿಯ ಹೆಸರು ಮರೆತಾನು, ಅದನ್ನು ಮರೆಯುವುದಿಲ್ಲ. ಆ ಕೆಲಸ ಬಿಟ್ಟ ಮೇಲೆ ಉಲ್ಟಾ ಧಂದೆ ಹಿಡಿದೆ. ಜನರನ್ನು ಆ ಪರದೆಗೆ ಕಾಣದಂತೆ ಬಚ್ಚಿಡುವುದು.

ಈ ಸಲ ದೋನ್ಯಾ ಎದೆಲ್ಮಿರಾಳ ಸರದಿ. ಹಿರಿಯ ಗಂಡಸಿಗೆ ದೋನ್, ಹೆಂಗಸಿಗೆ ದೋನ್ಯಾ ಅನ್ನುವುದು ನಮ್ಮ ಮರ್ಯಾದೆ. ಅರವತ್ಮೂರರ ದರ್ಜಿ ಹೆಂಗಸು. ಒಂದು ದಿನ ತನ್ನ ಮನೆಯ ಕಿಟಕಿಯ ಬಳಿ ಕೂತು ಯಾರದೋ ಪ್ಯಾಂಟಿಗೆ ಜಿಪ್ ಹೊಲಿಯುತ್ತಿದ್ದಳು. ಕೆಳಗಿನ ಮೆಟ್ಟಿಲ ಮೇಲೆ ಇನ್ಸ್‌ಪೆಕ್ಟರ್ ಸಾನ್ವೇಸಾ ಮೀನು ಮಾರುವ ಬೆನಿಗ್ನೋನನ್ನು ತಡೆದ. ಗುರುತಿನ ಕಾರ್ಡ್ ತೋರಿಸು ಅಂದ. ಮನೆಯಲ್ಲಿದೆ ಅಂದ ಬೆನಿಗ್ನೋ.

ಸಾನ್ವೇಸಾ ತಳ್ಳಿದ. ಬೆನಿಗ್ನೋ ಮತ್ತೆ ಏಳಲಿಲ್ಲ.

ನೋಡಿದವಳು ಇವಳೊಬ್ಬಳೇ. ಆಮೇಲೆ ಸಾನ್ವೇಸಾ ದಿನಾ ಅವಳ ಬಾಗಿಲು ಬಡಿಯತೊಡಗಿದ. ಮನೆಗೆ ಯಾರು ಬರುತ್ತಾರೆ? ಭಾನುವಾರ ಎಲ್ಲಿಗೆ ಹೋಗುತ್ತೀಯ? ಮಗಳು ಯಾಕೆ ಫೋನ್ ಮಾಡುವುದಿಲ್ಲ?

"ತಪ್ಪು ಮಾಡಿಲ್ಲ ಅಂದ್ಮೇಲೆ ಹೇಳೋಕೇನಮ್ಮ ಕಷ್ಟ?" ಅಂದನಂತೆ.

"ತಪ್ಪು ಮಾಡಿಲ್ಲ. ಅದಕ್ಕೇ ಹೇಳಲ್ಲ!" ಅಂದಳಂತೆ.

ಗುಂಡಿಗೆ ಅಂದರೆ ಇದು!

ಗುರುವಾರ ಹನ್ನೊಂದಕ್ಕೆ ಜಡ್ಜ್ ಮುಂದೆ ಅವಳ ಸಾಕ್ಷಿ. ಅಲ್ಲಿಯವರೆಗೆ ನಾಲ್ಕು ದಿನ ಗುಡ್ಡದ ತುದಿಯ ಖಾಲಿ ಮನೆಯಲ್ಲಿ ಬಚ್ಚಿಟ್ಟೆ. ಫೋನ್ ಇಲ್ಲ. ಕಾರ್ಡ್ ಇಲ್ಲ. ಕಿಟಕಿ ತೆರೆಯುವಂತಿಲ್ಲ. ಸಂಜೆ ಚಹಾ ಮಾಡಿ, ಬ್ರೆಡ್ಡಿಗೆ ಬೆಣ್ಣೆಹಣ್ಣು ಹಚ್ಚಿ, ಕೇಳದೆಯೇ ಒಂದು ತುಂಡು ನನ್ನ ತಟ್ಟೆಗೆ ಹಾಕುತ್ತಿದ್ದಳು. ಹನ್ನೊಂದು ವರ್ಷ ಒಬ್ಬನೇ ಚಹಾ ಕುಡಿದವನು ನಾನು. ಮೇಜಿನ ಮೇಲೆ ಎರಡು ಕಪ್ಪು ನೋಡಿ ನನ್ನದನ್ನು ಬೇಕೆಂದೇ ನಿಧಾನವಾಗಿ ಕುಡಿದೆ... ಸುಳ್ಳೇಕೆ ಹೇಳಲಿ?

ಗುರುವಾರ ಬೆಳಗಾಗುತ್ತಲೇ ಅವಳಿಗೆ ಕೆಮ್ಮು ಶುರುವಾಯಿತು. ಓಣಿಗೆಲ್ಲ ಕೇಳುವಂಥ ಕೆಮ್ಮು! ಔಷಧಿ ಅಂಗಡಿಗೆ ಇಳಿದೆ. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ, ಜೇಬಿನಲ್ಲಿ ನಗದು. ಎಲ್ಲ ಪಕ್ಕಾ. ಕೌಂಟರಿನ ಹುಡುಗಿ ತಲೆಯೆತ್ತಿ ನಕ್ಕಳು.

"ನಿಮ್ಮ ರುತ್ ಹೇಳಿ ಸರ್, ರಿಯಾಯ್ತಿ ಇದೆ."

ಹೇಳಿಬಿಟ್ಟೆ!

ಎಂಟು ಅಂಕಿ, ಕೊನೆಗೊಂದು ಕೆ ಅಕ್ಷರ. ಮಗ್ಗಿ ಒಪ್ಪಿಸಿದ ಹಾಗೆ ಬಾಯಿಂದ ಉದುರಿತು.

"ಹುಷಾರಾಗಿರಿ ದೋನ್ ಒಲೆಗಾರಿಯೋ," ಅಂದಳು ಪರದೆ ನೋಡಿ.

ನನ್ನ ಹೆಸರು ಹಿಡಿದು ಒಬ್ಬರು ಕರೆದು ಎಷ್ಟು ಕಾಲವಾಗಿತ್ತು! ಖುಷಿಯಾಯಿತು. ಬಾಗಿಲು ದಾಟುವವರೆಗೂ ಆ ಖುಷಿ ಇತ್ತು. ಆಮೇಲೆ ತಲೆಗೆ ಹೊಳೆದು ಮೆಟ್ಟಿಲ ಕಡೆ ಓಡಿದೆ. ಅವಳನ್ನು ಬಚ್ಚಿಟ್ಟವನು ನಾನೇ ಎಂಬ ಗುಮಾನಿಯಿಂದ ನನ್ನ ನಂಬರಿನ ಮೇಲೆ ಸಾನ್ವೇಸಾ ಕಣ್ಣಿಟ್ಟಿದ್ದ. ಅಂಗಡಿಯ ನಂಬರು ಪೊಲೀಸ್ ಪರದೆಗೆ ಹರಿಯುವ ಕಾಲುವೆ ತೋಡಿದವನು ನಾನೇ. ಇಪ್ಪತ್ತೆರಡು ವರ್ಷದ ಅನುಭವವನ್ನು ಒಂದು ಸಿರಪ್ಪು ಮಣ್ಣುಪಾಲು ಮಾಡಿತ್ತು.

ಏದುಸಿರು ಬಿಡುತ್ತ ಬಾಗಿಲು ತಳ್ಳಿದೆ.

"ಏನಾಯ್ತಪ್ಪ?"

"ರುತ್ ಹೇಳ್ಬಿಟ್ಟೆ ದೋನ್ಯಾ..."

ಬೈಗುಳಕ್ಕೆ ತಯಾರಾಗಿ ನಿಂತೆ. ಅವಳು ಶಾಲು ಹೊದ್ದುಕೊಂಡಳು.

"ಬಿಡು, ನಾನಾಗಿದ್ರೂ ಹೇಳ್ತಿದ್ದೆ. ನಮ್ಮ ಯಜಮಾನರು ಸಾಯೋವಾಗ ನರ್ಸಿಗೆ ನಂಬರ್ ಪೂರ್ತಿ ಹೇಳೇ ಕಣ್ಮುಚ್ಚಿದ್ದು."

ಕೆಳಗೆ ಜೀಪು ಕಿರ್ರೆಂದು ನಿಂತಿತು!

"ಹಿಂದಿನ ಓಣಿಯಿಂದ ಇಳೀರಿ. ಕೋರ್ಟಿಗೆ ನಡ್ಕೊಂಡೇ ಹೋಗಿ. ಬಸ್ಸು ಹತ್ಬೇಡಿ. ಯಾರು ಕೇಳಿದ್ರೂ ನಂಬರ್ ಹೇಳ್ಬೇಡಿ!"

"ನೀನು?"

"ನಾನು ಶಾಪಿಂಗಿಗೆ ಹೋಗ್ತೀನಿ."

ಅವಳು ನನ್ನ ಕೋಟು ಹಿಡಿದು ನೋಡಿದಳು.

"ಈ ಗುಂಡಿ ಸಡಿಲ ಆಗಿದೆ. ಕೋರ್ಟಿಂದ ಬಂದ್ಮೇಲೆ ಹೊಲಿದ್ಕೊಡ್ತೀನಿ."

ಹೋದಳು. ಕೆಮ್ಮುತ್ತಲೇ ಹೋದಳು.

ನಾನು ಪಕ್ಕದ ತಗಡಿನ ಛಾವಣಿಗೆ ಹಾರಿದೆ. ಎದುರಿನ ಮೆಟ್ಟಿಲ ಮೇಲೆ ಬೇಕೆಂದೇ ಟೋಪಿ ತೆಗೆದು ನಿಂತೆ.

"ಅಗೋ! ಹಿಡೀರಿ ಅವನ್ನ!"

ಸಾನ್ವೇಸಾನ ಗಂಟಲು. ಓಡಿದೆ! ಬೀದಿನಾಯಿಗಳೆಲ್ಲ ಬೆನ್ನಿಗೆ ಬಿದ್ದವು. ಹಳಿಯ ಮೇಲೆ ಗುಡ್ಡ ಇಳಿಯುವ ಲಿಫ್ಟು ಇನ್ನೇನು ಹೊರಟಿತ್ತು. ಒಳಗೆ ನುಗ್ಗಿದೆ.

ಕೆಳಗಿನ ಊರಲ್ಲಿ ಸೂಪರ್‌ಮಾರ್ಕೆಟ್. ಒಂದು ಬ್ರೆಡ್ಡು.

"ರುತ್ ಹೇಳ್ತೀರಾ ಸರ್?"

"ಬರ್ಕೊಳಮ್ಮ. ಜೋರಾಗಿ ಹೇಳ್ತೀನಿ!"

ಆರು ನಿಮಿಷಕ್ಕೆ ಸರಿಯಾಗಿ ಜೀಪು. ಅಷ್ಟರಲ್ಲಿ ನಾನು ಚಪ್ಪಲಿ ಅಂಗಡಿಯಲ್ಲಿದ್ದೆ. ಒಂದು ಜೊತೆ ಶೂ ಲೇಸು. ರುತ್. ಮತ್ತೆ ಆರು ನಿಮಿಷ. ಈಗ ಎರಡು ಜೀಪು! ಆಮೇಲೆ ಐಸ್‌ಕ್ರೀಂ. ಆಮೇಲೆ ಛತ್ರಿ. ಕೋರ್ಟಿನಿಂದ ದೂರ ದೂರಕ್ಕೆ, ಊರಿನ ಆಚೆ ತುದಿಯವರೆಗೆ ಅವರನ್ನು ಕರೆದೊಯ್ದೆ. ಅಷ್ಟು ಜನ ನನ್ನನ್ನು ಹುಡುಕಿದ್ದು ಜೀವಮಾನದಲ್ಲಿ ಅದೇ ಮೊದಲು.

ಹನ್ನೊಂದೂ ಇಪ್ಪತ್ತಕ್ಕೆ ಸಿಕ್ಕಿಬಿದ್ದೆ. ನಾಯಿ ಬಿಸ್ಕತ್ತಿನ ಅಂಗಡಿಯಲ್ಲಿ.

"ಎಲ್ಲೋ ಅವಳು?" ಸಾನ್ವೇಸಾ ಕುತ್ತಿಗೆಪಟ್ಟಿ ಹಿಡಿದ.

"ರುತ್ ಹೇಳಿ ಇನ್ಸ್‌ಪೆಕ್ಟರೇ, ನಿಮಗೂ ಬಿಸ್ಕತ್ತು ಕೊಡಿಸ್ತೀನಿ."

ಕಪಾಳಕ್ಕೆ ಬಿತ್ತು. ಕೋಟಿನ ಗುಂಡಿ ಕಿತ್ತು ನೆಲಕ್ಕುರುಳಿತು. ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಕಿವಿಗಿಟ್ಟ. ಮುಖ ಹರಳೆಣ್ಣೆ ಕುಡಿದವನಂತಾಯಿತು. ಎದೆಲ್ಮಿರಾ ಜಡ್ಜ್ ಮುಂದೆ ಎಲ್ಲ ಹೇಳಿ ಮುಗಿಸಿದ್ದಳು.

ನನ್ನನ್ನು ಎರಡು ದಿನ ಕೂಡಿಹಾಕಿ ಕೇಳಿದರು. ನಾನು ಹೆಸರು ಬಿಟ್ಟು ಬೇರೇನೂ ಹೇಳಲಿಲ್ಲ. ಹೊರಬಂದಾಗ ಅವಳಿರಲಿಲ್ಲ. ಸಾಕ್ಷಿಯ ರಕ್ಷಣೆಗೆಂದು ಕೋರ್ಟಿನವರು ಬೇರೆ ಊರು, ಬೇರೆ ಹೆಸರು, ಬೇರೆ ರುತ್ ಕೊಟ್ಟು ಕಳಿಸಿದ್ದರು. ಎಲ್ಲಿಗೆ ಅಂತ ಯಾರಿಗೂ ಹೇಳುವಂತಿಲ್ಲ. ನನಗೂ.

ಹುಡುಕಿದರೆ ಹತ್ತೇ ನಿಮಿಷ ಸ್ವಾಮಿ. ಹಳೆಯ ಗೆಳೆಯನೊಬ್ಬ ಇನ್ನೂ ಆ ಪರದೆಯ ಮುಂದೆ ಕೂತಿದ್ದಾನೆ. ಎಷ್ಟೋ ಸಂಜೆ ಫೋನ್ ಕೈಗೆತ್ತಿಕೊಂಡಿದ್ದೇನೆ... ಅವಳ ಚಹಾದ ನೆನಪಾಗುತ್ತದೆ. ತುಂಬ ನೆನಪಾಗುತ್ತದೆ. ಆದರೆ ನಾನೂ ಹುಡುಕಿದರೆ ಸಾನ್ವೇಸಾನಿಗೂ ನನಗೂ ಏನು ವ್ಯತ್ಯಾಸ? ಫೋನ್ ಕೆಳಗಿಡುತ್ತೇನೆ. ಕೋಟಿಗೆ ಗುಂಡಿ ಇನ್ನೂ ಹಾಕಿಸಿಲ್ಲ.

ಅವಳು ನನಗೆ ಬಿಟ್ಟುಹೋದದ್ದು ಈ ಕೆಮ್ಮೊಂದೇ.

ನಿನ್ನೆ ಅದೇ ಔಷಧಿ ಅಂಗಡಿಗೆ ಹೋಗಿದ್ದೆ. ಅದೇ ಹುಡುಗಿ, ಅದೇ ನಗು.

"ರುತ್ ಹೇಳಿ ಸರ್, ರಿಯಾಯ್ತಿ ಇದೆ."

"ಬೇಡಮ್ಮ, ಪೂರ್ತಿ ರೇಟೇ ತಗೋ."

ಈ ಊರಲ್ಲಿ ಒಬ್ಬನೇ ಕೆಮ್ಮುವವನಿಗೆ ರಿಯಾಯಿತಿ ಇಲ್ಲ!