ಒಂದು ಮನೆಗೆ ಒಂದೇ ವೋಟು

ನಾನು ಆ ಸೇವಾ ಕ್ಲಬ್ಬಿಗೆ ಮೊದಲ ಸಲ ಕಾಲಿಟ್ಟಿದ್ದು ಸೇವೆ ಮಾಡಲಿಕ್ಕಲ್ಲ, ಜಗಳ ಆಡಲಿಕ್ಕೆ.

ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಕ್ಲಬ್ಬಿನವರು ಮೂರು ತಿಂಗಳ ಮಟ್ಟಿಗೆ ಒಂದು ವೀಲ್‌ಚೇರ್ ಪುಕ್ಕಟೆ ಕೊಟ್ಟಿದ್ದರು. ಆದರೆ ಅದರ ಎಡಗಾಲಿ ಕುಡಿದವರ ಹಾಗೆ ಓಲಾಡುತ್ತಿತ್ತು. ಅಮ್ಮನನ್ನು ಬಾತ್‌ರೂಮಿನ ಕಡೆ ತಳ್ಳಿದರೆ ಅದು ಅಡುಗೆಮನೆ ಕಡೆ ಹೊರಡುತ್ತಿತ್ತು. ಅಪ್ಪ ಹೋದಮೇಲೆ ಹನ್ನೊಂದು ವರ್ಷದಿಂದ ಸೈಕಲ್ ರಿಪೇರಿ ಅಂಗಡಿ ನಡೆಸುತ್ತಿರುವವಳು ನಾನು. ಗಾಲಿಯನ್ನು ಸರಿಮಾಡುವುದು ನನಗೆ ಕಾಲು ಗಂಟೆಯ ಕೆಲಸ, ಮಾಡಿಯೂ ಬಿಟ್ಟೆ. ಆದರೆ ಬೇರೆ ಮನೆಯವರು ಏನು ಮಾಡಬೇಕು? ಆ ಸಿಟ್ಟು ಇಳಿಯಲಿಲ್ಲ.

ಕ್ಲಬ್ಬಿನ ಬಾಗಿಲಲ್ಲಿ ಎದುರಾದ ಗಂಡಸರೊಬ್ಬರನ್ನೇ ಅಧ್ಯಕ್ಷರೆಂದುಕೊಂಡು ಹಿಗ್ಗಾಮುಗ್ಗಾ ಬೈದೆ. ಅವರು ಗೋಡೆಗೆ ಒರಗಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದರು.

"ಮುಗೀತಾ?"

"ಇನ್ನೂ ಇದೆ."

"ಹಾಗಾದ್ರೆ ಕೂತ್ಕೊಂಡು ಕೇಳ್ತೀನಿ. ನಿಮಗೂ ಒಂದು ಕುರ್ಚಿ ತರ್ಲಾ? ಗಾಲಿ ಇಲ್ದೇ ಇರೋದು ತರ್ತೀನಿ."

ಎಲ್ಲ ಕೇಳಿದ ಮೇಲೆ ಒಂದು ಫಾರಂ ಕೊಟ್ಟು ತುಂಬಲು ಹೇಳಿದರು. ದೂರಿನ ಫಾರಂ ಎಂದುಕೊಂಡು, ಸಿಟ್ಟಿನಲ್ಲಿ ಪೂರ್ತಿ ಓದದೆ, ಸಹಿ ಹಾಕಿ ಬಂದೆ. ಹದಿನೈದು ದಿನಕ್ಕೆ ಮನೆಗೆ ಪತ್ರ ಬಂತು. ನನ್ನನ್ನು ಕ್ಲಬ್ಬಿನ ಸದಸ್ಯೆಯಾಗಿ ಸೇರಿಸಿಕೊಂಡಿದ್ದರು.

ಮತ್ತೆ ಓಡಿದೆ. "ಏನ್ರೀ ಇದು?"

"ದೂರಿಗೆ ಅಂತ ನಮ್ಮಲ್ಲಿ ಫಾರಂ ಇಲ್ಲ. ಇರೋದು ಅದೊಂದೇ," ಎಂದರು. "ಇಷ್ಟು ಚೆನ್ನಾಗಿ ಬೈಯೋರು ಹೊರಗಡೆ ಇದ್ರೆ ಕ್ಲಬ್ಬಿಗೇ ನಷ್ಟ."

ಅವರು ಅಧ್ಯಕ್ಷರಲ್ಲ. ದೊಡ್ಡ ರಸ್ತೆಯ ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡವರು, ಕ್ಲಬ್ಬಿನ ಕಣ್ಣಿನ ಶಿಬಿರ ನಡೆಸುವವರು. ಎಲ್ಲರೂ ಅವರನ್ನು ಕನ್ನಡಕದವರು ಎನ್ನುತ್ತಿದ್ದರು. ಮೂರನೆಯ ವಾರಕ್ಕೆ ನನಗೂ ಒಂದು ಹೆಸರು ಬಿತ್ತು, ಸ್ಪ್ಯಾನರ್.

ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಹತ್ತೊಂಬತ್ತು ವೀಲ್‌ಚೇರುಗಳಿದ್ದವು. ವಾಕರು, ಊರುಗೋಲುಗಳು ಬೇರೆ. ಅರ್ಧದಷ್ಟು ಕೆಲಸಕ್ಕೆ ಬಾರದವು. ಆ ಕೋಣೆಯನ್ನು ನಾನು ವಹಿಸಿಕೊಂಡೆ. ವರ್ಷ ತುಂಬುವಷ್ಟರಲ್ಲಿ ಒಂದು ಕುರ್ಚಿಯೂ ಸೊಟ್ಟಗೆ ಹೋಗುತ್ತಿರಲಿಲ್ಲ. ಯಾರ ಮನೆಗೆ ಯಾವುದು ಹೋಗಿದೆ, ಆ ಮನೆಯ ಬಾಗಿಲು ಎಷ್ಟು ಅಗಲ, ಎಲ್ಲ ನನ್ನ ತಲೆಯಲ್ಲಿತ್ತು.

ಇಷ್ಟೇ ಆಗಿದ್ದರೆ ಅದನ್ನು ಕೆಲಸ ಎನ್ನುತ್ತಿದ್ದೆ. ಅಂಗಡಿಗೆ ಬರುವವರು ಸೈಕಲ್ಲನ್ನು ನೋಡುತ್ತಾರೆ, ನನ್ನನ್ನಲ್ಲ. ಇಲ್ಲಿ ಒಂದು ವಾರ ತಪ್ಪಿಸಿದರೆ ಐದು ಜನ ಫೋನ್ ಮಾಡುತ್ತಿದ್ದರು. ಅಮ್ಮನಿಗೆ ಎರಡನೆಯ ಆಪರೇಷನ್ ಆದಾಗ ಕ್ಲಬ್ಬಿನ ನಾಲ್ವರು ರಕ್ತ ಕೊಟ್ಟರು. ದರ್ಜಿಯೊಬ್ಬರು, ಒಬ್ಬ ಟೀಚರು ಸರದಿಯಂತೆ ಆಸ್ಪತ್ರೆಯಲ್ಲಿ ಕೂತರು. ಅಣ್ಣ ತಮ್ಮಂದಿರಿಲ್ಲದ ನನಗೆ ಒಮ್ಮೆಲೇ ನಲವತ್ತು ಜನ ಸಿಕ್ಕಿದ್ದರು. ಅದನ್ನು ಸುಲಭವಾಗಿ ಬಿಟ್ಟುಕೊಡುವವಳಲ್ಲ ನಾನು.

ಕನ್ನಡಕದವರು ಪ್ರತಿ ಶನಿವಾರ ಬೆಳಿಗ್ಗೆ ಆ ಕೋಣೆಗೆ ಬಂದು ಕೂರತೊಡಗಿದರು. ನೆಪ, ಗಾಲಿಯ ಬೆಂಡ್ ತೆಗೆಯುವುದನ್ನು ಕಲಿಯಬೇಕು ಎಂದು. ಅಕ್ಕಿಕಾಳಿಗಿಂತ ಸಣ್ಣ ಸ್ಕ್ರೂ ಹಿಡಿಯುವ ಆ ಬೆರಳುಗಳಿಗೆ ನನ್ನ ಸ್ಪ್ಯಾನರ್ ಒಗ್ಗುತ್ತಲೇ ಇರಲಿಲ್ಲ. ಗ್ರೀಸ್ ಮೆತ್ತಿದ ಕೈಯಿಂದ ಕನ್ನಡಕ ಮೇಲೆ ತಳ್ಳಿ, ಮೂಗಿನ ಮೇಲೆ ಕಪ್ಪು ಬಳಿದುಕೊಂಡು, ಗಂಭೀರವಾಗಿ ಗಾಲಿಯ ಕಡ್ಡಿ ಎಣಿಸುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಹೇಳಿದರೆ ಒರೆಸಿಕೊಂಡುಬಿಡುತ್ತಾರಲ್ಲ.

"ಯಾಕೆ ನಗ್ತಿದ್ದೀರಿ?"

"ನಗ್ತಿಲ್ಲಪ್ಪ."

"ನಿಮ್ಮ ಕೆನ್ನೆ ಬೇರೆ ಏನೋ ಹೇಳ್ತಿದೆ."

"ಕಣ್ಣು ಪರೀಕ್ಷೆ ಮಾಡೋರು ಕಣ್ಣು ನೋಡ್ಬೇಕು. ಕೆನ್ನೆ ಯಾಕೆ ನೋಡ್ತೀರಿ?"

"ಕಣ್ಣು ನೋಡಿದ್ರೆ ಕೆಲಸ ಕೆಡುತ್ತೆ," ಎಂದು ತಲೆ ತಗ್ಗಿಸಿದರು. ಆ ದಿನ ನಾನು ಒಂದೇ ನಟ್ಟನ್ನು ಮೂರು ಸಲ ಬಿಗಿ ಮಾಡಿದೆ.

ಅಂಥದ್ದೇ ಒಂದು ಶನಿವಾರ, ಒಂದು ಗಾಲಿ ಅವರ ಕೈಯಲ್ಲಿ ಮೊದಲ ಬಾರಿ ಅಲುಗದೆ ತಿರುಗಿತು. ಅದು ತಿರುಗುತ್ತಿರುವಾಗಲೇ ಕೇಳಿದರು, "ನಾವಿಬ್ಬರೂ ಮದುವೆ ಆಗೋಣ್ವಾ?"

ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟೆ. ಹೂಂ ಎನ್ನಲು ಬಾಯಿ ತೆರೆದವಳಿಗೆ ಸಭಾಂಗಣದ ಗೋಡೆಯ ಮೇಲೆ ಕಟ್ಟು ಹಾಕಿಸಿ ತೂಗುಹಾಕಿದ್ದ ನಿಯಮಾವಳಿ ನೆನಪಾಯಿತು. ಒಂದು ಮನೆಗೆ ಒಂದೇ ವೋಟು. ಸದಸ್ಯರಿಬ್ಬರು ಮದುವೆಯಾದರೆ ಹೆಂಡತಿಯ ಸದಸ್ಯತ್ವ ತಾನಾಗಿಯೇ ಹೋಗಿ ಅವಳು ಮಹಿಳಾ ವಿಭಾಗಕ್ಕೆ ಸೇರುತ್ತಾಳೆ. ಮಹಿಳಾ ವಿಭಾಗ ಎಂದರೆ ಅತಿಥಿಗಳಿಗೆ ಹೂಗುಚ್ಛ, ಸಭೆಗೆ ಟೀ. ಅವರಿಗೆ ವೋಟಿಲ್ಲ, ಯಾವ ಕೆಲಸದ ಹೊಣೆಯನ್ನೂ ವಹಿಸುವ ಹಾಗಿಲ್ಲ. ಮದುವೆಯಾದ ದಿನವೇ ಈ ಕೋಣೆ ನನ್ನ ಕೈ ಬಿಡುತ್ತದೆ.

ಹೇಳಿದೆ. ಅವರ ಮುಖ ಚಿಕ್ಕದಾಯಿತು. "ನಾನು ರಾಜೀನಾಮೆ ಕೊಡ್ತೀನಿ. ನೀವಿರಿ," ಎಂದರು.

"ಕಣ್ಣಿನ ಶಿಬಿರ?"

"ಯಾರಾದ್ರೂ ನೋಡ್ಕೋತಾರೆ."

"ಯಾರೂ ನೋಡ್ಕೊಳ್ಳಲ್ಲ. ಅದು ನಿಮಗೂ ಗೊತ್ತು." ನನ್ನ ದನಿ ಏರಿತು. "ನೀವು ಬಿಟ್ಟುಕೊಟ್ಟಿದ್ದನ್ನ ನಾನಿಟ್ಕೊಂಡ್ರೆ ಜೀವನ ಪೂರ್ತಿ ನಿಮ್ಮ ದೊಡ್ಡತನ ಹೊತ್ಕೊಂಡು ತಿರುಗ್ಬೇಕು. ನನಗೆ ನಿಮ್ಮ ತ್ಯಾಗ ಬೇಡ. ನನ್ನ ಜಾಗ ಬೇಕು. ನೀವೂ ಬೇಕು. ಒಂದಕ್ಕೆ ಇನ್ನೊಂದನ್ನ ಯಾಕೆ ಕೊಡ್ಬೇಕು ನಾನು?"

ಅವರು ಕೈಯ ಗ್ರೀಸ್ ಒರೆಸಿಕೊಂಡು ಎದ್ದು ಹೋದರು. ಮೂರು ಶನಿವಾರ ಅವರು ಬರಲಿಲ್ಲ. ನಾನೂ ಕರೆಯಲಿಲ್ಲ. ಕೋಣೆಯಲ್ಲಿ ಒಬ್ಬಳೇ ಕೂತು, ಸರಿಯಿದ್ದ ಗಾಲಿಗಳನ್ನೇ ಬಿಚ್ಚಿ ಜೋಡಿಸಿದೆ.

"ಹೋಗಿ ಹೋಗಿ ಒಂದು ಕ್ಲಬ್ಬಿಗೋಸ್ಕರ ಇಂಥ ಹುಡುಗನ್ನ ಬಿಡ್ತೀಯೇನೇ?" ಎಂದು ಅಮ್ಮ ಕೇಳಿದಳು.

"ಬಿಡ್ತೀನಿ ಅಂತ ಯಾರು ಹೇಳಿದ್ರು? ಎರಡನ್ನೂ ಬಿಡಲ್ಲಮ್ಮ."

"ಅದೇ ಭಯ ನನಗೆ," ಎಂದಳು ಅಮ್ಮ. ಆದರೆ ವಾರ್ಷಿಕ ಸಭೆಯ ದಿನ ನನ್ನ ಸೀರೆಗೆ ಇಸ್ತ್ರಿ ಮಾಡಿ ತೆಗೆದಿಟ್ಟವಳು ಅವಳೇ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಮೂವತ್ತು ಸದಸ್ಯರು ಬಂದಿದ್ದರು. ನಿಯಮ ಬದಲಿಸಲು ಮೂರರಲ್ಲಿ ಎರಡು ಪಾಲು, ಎಂದರೆ ಇಪ್ಪತ್ತು ಕೈ ಬೇಕು. ಅದಕ್ಕೂ ಮೊದಲು ಒಬ್ಬ ಅನುಮೋದಕರು ಬೇಕು. ಅವರು ಪ್ರಸ್ತಾವ ಮಂಡಿಸಿದವರ ಮನೆಯವರಾಗಿರಬಾರದು.

ನಾನು ಎದ್ದು ನಿಂತೆ. "ಮದುವೆಯಾದ ಸದಸ್ಯೆಯನ್ನು ಮಹಿಳಾ ವಿಭಾಗಕ್ಕೆ ಕಳಿಸುವ ನಿಯಮವನ್ನು ತೆಗೆದುಹಾಕಬೇಕು."

ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ನಿಯಮ ಎಂದರೆ ಅವರಿಗೆ ಬೆನ್ನುಮೂಳೆ. "ಅನುಮೋದಕರು ಯಾರಿದ್ದೀರಿ?" ಎಂದರು.

ಎಲ್ಲರೂ ನೆಲ ನೋಡಿದರು. ಆಸ್ಪತ್ರೆಯಲ್ಲಿ ಕೂತಿದ್ದ ದರ್ಜಿಯೂ ನೆಲ ನೋಡಿದಾಗ ನನಗೆ ಅಳು ಬಂದಂತಾಯಿತು.

"ನಾನು ಅನುಮೋದಿಸ್ತೀನಿ." ಹಿಂದಿನ ಸಾಲಿನಿಂದ ಕನ್ನಡಕದವರು ಎದ್ದರು.

"ನೀವು ಹೇಗಾಗುತ್ತೆ?" ಅಧ್ಯಕ್ಷರು ಹುಬ್ಬು ಗಂಟಿಕ್ಕಿದರು. "ನೀವಿಬ್ಬರೂ ಮದುವೆ ಆಗೋರು ಅಂತ ಊರೆಲ್ಲ ಮಾತು."

"ಊರು ಒಪ್ಪಿದೆ ಸಾರ್. ಅವರಿನ್ನೂ ಒಪ್ಪಿಲ್ಲ." ಸಭೆ ನಕ್ಕಿತು. ಅವರು ನಗದೆ ನನ್ನ ಕಡೆ ತಿರುಗಿದರು. "ದಯವಿಟ್ಟು ಕೈ ಎಣಿಸಿ ಮುಗಿಯೋವರೆಗೆ ಒಪ್ಪಬೇಡಿ. ಒಪ್ಪಿದ್ರೆ ನಾನು ನಿಮ್ಮ ಮನೆಯವನಾಗಿಬಿಡ್ತೀನಿ, ಅನುಮೋದನೆ ಬಿದ್ದುಹೋಗುತ್ತೆ."

ಮೂರು ವಾರದಿಂದ ನೋಡದ ಆ ಕಣ್ಣುಗಳು ನನ್ನ ಮೇಲೇ ಇದ್ದವು. ಈ ಸಲ ತ್ಯಾಗವಿರಲಿಲ್ಲ, ದೊಡ್ಡತನವಿರಲಿಲ್ಲ. ನನ್ನ ಜಗಳಕ್ಕೆ ಜೊತೆಗೆ ನಿಂತಿದ್ದರು, ಅಷ್ಟೇ. ಆ ಕ್ಷಣದಲ್ಲಿ ಅವರ ಮೇಲೆ ಬಂದ ಪ್ರೀತಿಯನ್ನು ತಡೆದುಕೊಂಡು ಬಾಯಿ ಮುಚ್ಚಿ ನಿಲ್ಲುವುದು ನನ್ನ ಬದುಕಿನ ಅತಿ ಕಷ್ಟದ ಕೆಲಸವಾಗಿತ್ತು.

ಕೈಗಳು ಒಂದೊಂದಾಗಿ ಎದ್ದವು. ಟೀಚರು. ದರ್ಜಿ, ತಲೆ ಎತ್ತದೆಯೇ. ಕಾರ್ಯದರ್ಶಿ ಎರಡು ಸಲ ಎಣಿಸಿದರು.

"ಹತ್ತೊಂಬತ್ತು."

"ಒಂದು ಕಡಿಮೆ. ಪ್ರಸ್ತಾವ ಬಿದ್ದಿದೆ," ಎಂದರು ಅಧ್ಯಕ್ಷರು. "ನಿಯಮ ಇದ್ದ ಹಾಗೇ ಇರುತ್ತೆ. ಮುಂದಿನ ವಿಷಯಕ್ಕೆ ಹೋಗೋಣ."

"ಇನ್ನೊಂದು ಮಾತಿದೆ." ನಾನು ಕೂರಲಿಲ್ಲ. ಕನ್ನಡಕದವರನ್ನೇ ನೋಡುತ್ತಾ ಹೇಳಿದೆ, "ಎಣಿಸಿ ಆಯ್ತಲ್ಲ. ನನಗೆ ಒಪ್ಪಿಗೆ ಇದೆ. ಮುಂದಿನ ತಿಂಗಳೇ ಮದುವೆ ಆಗೋಣ."

ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. ಮೇಲೆ ತಳ್ಳಲು ಕೈಯೇ ಬರಲಿಲ್ಲ.

"ಹಾಗಿದ್ರೆ ನಿಯಮದ ಪ್ರಕಾರ ನೀವು..." ಅಧ್ಯಕ್ಷರು ಶುರು ಮಾಡಿದರು.

"ಇಲ್ಲ ಸಾರ್. ಮದುವೆ ಆದ ಮೇಲಿನ ಶನಿವಾರವೂ ಆ ಕೋಣೆಗೆ ಬರ್ತೀನಿ. ಮುಂದಿನ ವರ್ಷ ಇದೇ ಪ್ರಸ್ತಾವ ಇಡ್ತೀನಿ, ಕೈ ಎತ್ತುತ್ತೀನಿ. ನೀವು ಎಣಿಸಲ್ಲ ಅಂದ್ರೆ ಎಣಿಸಬೇಡಿ, ಕೈ ಮೇಲೇ ಇರುತ್ತೆ. ಕಾರ್ಯದರ್ಶಿಗಳೇ, ಇದನ್ನ ನಡಾವಳಿಯಲ್ಲಿ ಬರ್ಕೊಳ್ಳಿ."

"ಬರೀಬೇಕಾದ್ರೆ ಅದಕ್ಕೂ ಅನುಮೋದಕರು ಬೇಕಮ್ಮ," ಎಂದರು ಕಾರ್ಯದರ್ಶಿ ಮೆಲ್ಲಗೆ. "ಇವರಂತೂ ಈಗ ನಿಮ್ಮ ಮನೆಯವರಾದ್ರು."

ಬಾಗಿಲಲ್ಲಿ ಟೀ ತಟ್ಟೆ ಹಿಡಿದು ನಿಂತಿದ್ದರು ಅಧ್ಯಕ್ಷರ ಹೆಂಡತಿ, ಮಹಿಳಾ ವಿಭಾಗದ ಮುಖ್ಯಸ್ಥೆ. ತಟ್ಟೆಯನ್ನು ಗಂಡನ ಮೇಜಿನ ಮೇಲೆ, ಕಾಗದಗಳ ಮೇಲೇ ಇಟ್ಟರು.

"ನಾನು ಅನುಮೋದಿಸ್ತೀನಿ."

"ನಿನಗೆ ವೋಟಿಲ್ಲ," ಎಂದರು ಅಧ್ಯಕ್ಷರು.

"ಇಪ್ಪತ್ತಾರು ವರ್ಷದಿಂದ ಗೊತ್ತು. ಟೀ ನೀವೇ ಹಂಚಿ." ಅವರು ನನ್ನ ಪಕ್ಕದ ಖಾಲಿ ಕುರ್ಚಿ ಎಳೆದು ಸದಸ್ಯರ ಸಾಲಿನಲ್ಲಿ ಕೂತರು.

ಕಾರ್ಯದರ್ಶಿ ಅಧ್ಯಕ್ಷರ ಮುಖ ನೋಡಿದರು, ಆಮೇಲೆ ನನ್ನ ಮುಖ. ಪೆನ್ನಿನ ಮುಚ್ಚಳ ತೆಗೆದರು. "ಏನಂತ ಬರೀಲಿ?"

ಅಷ್ಟರಲ್ಲಿ ಕನ್ನಡಕದವರು ಹಿಂದಿನ ಸಾಲು ಬಿಟ್ಟು ನನ್ನ ಇನ್ನೊಂದು ಪಕ್ಕಕ್ಕೆ ಬಂದು ನಿಂತಿದ್ದರು. ಎಲ್ಲರ ಎದುರಿಗೆ ಅವರ ಕೈ ಹಿಡಿದುಕೊಂಡು ಬರೆಸಿದೆ:

"ಸದಸ್ಯೆ ಮದುವೆಗೆ ಒಪ್ಪಿದರು. ಸದಸ್ಯತ್ವ ಬಿಡಲು ಒಪ್ಪಲಿಲ್ಲ."