ಇಪ್ಪತ್ತು ಆಟದ ಮೊಣಕಾಲು

ಉಷಾಲತಾಳಿಗೆ ಮೊಣಕಾಲಿನ ಮೇಲೆ ಇದ್ದ ಗೌರವ ಮೊಣಕಾಲಿನ ಯಜಮಾನರ ಮೇಲೆ ಇರಲಿಲ್ಲ. ಗಲ್ಫಿನ ಮನಾಮಾದ ಸಲ್ಮಾನಿಯಾ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಆರು ವರ್ಷ ಕಳೆದ ಮೇಲೆ ಅವಳು ಗಂಡಸರನ್ನು ಎರಡೇ ಜಾತಿ ಮಾಡಿದ್ದಳು. ಅಸ್ಕರಿನ ಅಲ್ಯೂಮಿನಿಯಂ ಕಾರ್ಖಾನೆಯ ಬೆಂಕಿಯೆದುರು ದುಡಿದು ಮೈ ಕೆಡಿಸಿಕೊಂಡವರು ಒಂದು. ಶುಕ್ರವಾರ ಬಿಲ್ಡಿಂಗಿನ ಹಿಂದೆ ಕ್ರಿಕೆಟ್ ಆಡಿ ಕಾಲು ಉಳುಕಿಸಿಕೊಂಡು ಶನಿವಾರ ನರಳುತ್ತ ಬರುವ ಮ್ಯಾನೇಜರುಗಳು ಇನ್ನೊಂದು. ಮೊದಲನೆಯವರ ಮೇಲೆ ಅವಳ ಕೈ ಹತ್ತಿಯಂತೆ ಇಳಿಯುತ್ತಿತ್ತು. ಎರಡನೆಯವರು ಅವಳ ಹೆಸರು ಕೇಳಿದರೇ ಬೇರೆ ದಿನ ಬರುತ್ತೇವೆ ಅನ್ನುತ್ತಿದ್ದರು.

ವಯಸ್ಸು ಮೂವತ್ತು ತುಂಬಿತ್ತು. ಅಣ್ಣ ಮೋಹನದಾಸ ತಂದ ಗಂಡುಗಳೆಲ್ಲ ಎರಡನೆಯ ಜಾತಿಗೇ ಸೇರಿದವರಾದ್ದರಿಂದ ಅವಳು ಚಹಾ ಕೊಟ್ಟು, ಲೋಟ ವಾಪಸು ತೆಗೆದುಕೊಂಡು, ಮಾತು ಮುಗಿಸಿದ್ದಳು.

ತೊಂಬತ್ತಾರರ ಅಕ್ಟೋಬರಿನಲ್ಲಿ ಒಬ್ಬ ಎತ್ತರದ ಮನುಷ್ಯ ಕುಂಟುತ್ತ ಅವಳ ಮೇಜಿನೆದುರು ಬಂದು ಕೂತ. ಮೂಗು ಎರಡು ಸಲ ಮುರಿದು ಎರಡು ಸಲವೂ ಓರೆಯಾಗಿ ಕೂಡಿಕೊಂಡಂತಿತ್ತು. ಫೈಲಿನಲ್ಲಿ ಹೆಸರು: ಪ್ರಖ್ಯಾತ್ ಸುವರ್ಣ. ಪಾಸ್‌ಪೋರ್ಟ್ ಸ್ವೀಡನ್ನಿನದು.

"ಸುವರ್ಣ ಅಂದ್ರೆ ನಮ್ಮ ಬದಿಯವರಾ?" ಅಂದಳು ಕನ್ನಡದಲ್ಲಿ.

ಅವನ ಮುಖ ಅರಳಿತು. "ನನ್ನ ಹುಟ್ಟೂರು ಮಲ್ಪೆ. ತಾವು ಕನ್ನಡದವರೆಂದು ತಿಳಿದು ಬಹಳ ಸಂತೋಷವಾಯಿತು."

ಉಷಾ ಪೆನ್ನು ಕೆಳಗಿಟ್ಟಳು. ಅಪ್ಪ ಹಡಗಿನ ಎಂಜಿನ್ ಫಿಟ್ಟರ್ ಆಗಿ ಹೋಗಿ ಸ್ವೀಡನ್ನಿನ ಬಂದರಿನಲ್ಲೇ ನಿಂತವರು, ತಾನು ನಾಲ್ಕು ವರ್ಷದವನಿದ್ದಾಗ ಹೋದದ್ದು, ಮನೆಯಲ್ಲಿ ತುಳು, ಕನ್ನಡ ಮಾತ್ರ ಅಮ್ಮ ಶಾಲೆಯ ಪಾಠಪುಸ್ತಕ ತರಿಸಿ ಕಲಿಸಿದ್ದು ಎಂದು ಅವನು ವಿವರಿಸಿದ. ಅವನ ಒಂದೊಂದು ವಾಕ್ಯವೂ ಇಸ್ತ್ರಿ ಹಾಕಿಸಿಕೊಂಡು ಬಂದ ಹಾಗಿತ್ತು.

"ಕೆಲಸ ಎಂತದು?"

"ಹಾಕಿ. ರೈಟ್ ವಿಂಗರ್. ಹದಿಮೂರು ವರ್ಷ ಯುರೋಪಿನ ಲೀಗುಗಳಲ್ಲಿ ಆಡಿದ್ದೇನೆ."

ಈ ಸುದ್ದಿಯನ್ನು ಅವಳು ರಾತ್ರಿ ಊಟದ ಹೊತ್ತಿಗೆ ಅಣ್ಣನ ಕಿವಿಗೆ ಹಾಕಿದ್ದೇ ತಪ್ಪಾಯಿತು. ಮೋಹನದಾಸ ಊರವರ ಸಂಘದ ಕ್ರೀಡಾ ಕಾರ್ಯದರ್ಶಿ. ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ ಸಿಗದೆ ಒದ್ದಾಡುತ್ತಿದ್ದ. ಮಾರನೆಯ ದಿನವೇ ಫೋನು ಮಾಡಿ ಒಪ್ಪಿಸಿದ. 'ಅಂತರರಾಷ್ಟ್ರೀಯ ಹಾಕಿ ತಾರೆ' ಎಂದು ಬ್ಯಾನರ್ ಬರೆಸಿದ.

ಸಭೆಯಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಸಂಘದ ಹಿರಿಯರೊಬ್ಬರು ಎದ್ದು, ಪಾಕಿಸ್ತಾನದ ಎದುರು ಪೆನಾಲ್ಟಿ ಕಾರ್ನರ್ ಹೊಡೆಯುವಾಗ ಹೇಗನಿಸುತ್ತದೆ ಎಂದು ಕೇಳಿದರು.

ಪ್ರಖ್ಯಾತ್ ಮೈಕಿನ ಹತ್ತಿರ ಬಾಗಿದ. "ಕ್ಷಮಿಸಬೇಕು. ನಾನು ಆಡುವುದು ಮಂಜುಗಡ್ಡೆಯ ಮೇಲೆ."

ಮೊದಲು ಯಾರೋ ಕೆಮ್ಮಿದರು. ಆಮೇಲೆ ಹಿಂದಿನ ಸಾಲಿನಿಂದ ನಗು ಶುರುವಾಗಿ ಮುಂದಿನ ಸಾಲಿನವರೆಗೂ ಬಂತು. ಮೋಹನದಾಸನ ಮುಖ ಅವನು ಉಟ್ಟ ಪಂಚೆಗಿಂತ ಬಿಳಿಯಾಯಿತು.

ಮುಂದಿನ ಸೆಷನ್ನಿಗೆ ಅವನು ಬಂದಾಗ ಉಷಾ ಅವನ ಮೊಣಕಾಲನ್ನು ಬೇಕಾದ್ದಕ್ಕಿಂತ ಹತ್ತು ಡಿಗ್ರಿ ಹೆಚ್ಚೇ ಮಡಿಸಿದಳು.

"ಐಸ್ ಹಾಕಿ ಅಂತ ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮ್ಗೆ? ಅಣ್ಣನ ಮರ್ಯಾದೆ ತೆಗ್ದ್ರಿ."

"ನಮ್ಮಲ್ಲಿ ಹಾಕಿ ಎಂದರೆ ಅದೊಂದೇ. ತಾವೂ ಕೇಳಲಿಲ್ಲ."

"ಈ ಮರಳುಗಾಡಿನಲ್ಲಿ ಆ ಆಟಕ್ಕೆ ಎಂತ ಕೆಲಸ?"

"ಮನಾಮಾದ ಸ್ಕೇಟಿಂಗ್ ರಿಂಕಿನಲ್ಲಿ ಮಕ್ಕಳಿಗೆ ಜಾರುವುದನ್ನು ಹೇಳಿಕೊಡುತ್ತೇನೆ."

"ಜಾರ್ಲಿಕ್ಕೆ ಹೇಳಿಕೊಡ್ಬೇಕಾ? ನಮ್ಮ ಬಚ್ಚಲಿನಲ್ಲಿ ಎಲ್ಲರೂ ತಾವಾಗಿಯೇ ಕಲೀತಾರೆ."

ಪಕ್ಕದ ಮೇಜಿನಲ್ಲಿ ಭುಜದ ಕಸರತ್ತು ಮಾಡುತ್ತಿದ್ದ ಭುಜಂಗ ನಕ್ಕುಬಿಟ್ಟ. ಅಸ್ಕರಿನ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಕ್ರೇನ್ ನಡೆಸಿ ಬಲಭುಜ ಸೋತ ಬೈಂದೂರಿನ ಮನುಷ್ಯ ಅವನು. ಉಷಾ ಪ್ರಖ್ಯಾತನಿಗೆ ಅವನನ್ನೇ ತೋರಿಸಿದಳು. "ಕಾಣಿ, ಅವ್ರದ್ದು ದುಡಿದು ಹೋದ ಭುಜ. ನಿಮ್ಮದು ಆಡಿ ಹೋದ ಕಾಲು."

ಪ್ರಖ್ಯಾತ್ ಭುಜಂಗನಿಗೆ ತಲೆಬಾಗಿ ನಮಸ್ಕರಿಸಿದ. ಆದರೆ ಅವಳು ಬೆನ್ನು ತಿರುಗಿಸಿದಾಗ ಅವನ ಕಣ್ಣು ತನ್ನ ಜಡೆಯ ತುದಿಯವರೆಗೂ ಬಂದು ನಿಲ್ಲುವುದು ಗೋಡೆಯ ದೊಡ್ಡ ಕನ್ನಡಿಯಲ್ಲಿ ಅವಳಿಗೆ ಕಾಣುತ್ತಿತ್ತು. ಬೆನ್ನು ತಿರುಗಿಸುವ ಕೆಲಸಗಳು ಆ ನವೆಂಬರಿನಲ್ಲಿ ಯಾಕೋ ಜಾಸ್ತಿಯಾದವು.

ಪ್ರಖ್ಯಾತನ ಆಟದ ಕಥೆ ಕೇಳಿದವನು ಭುಜಂಗ. ಉಷಾ ಕೇಳದವಳಂತೆ ಕೇಳಿಸಿಕೊಂಡಳು. ಹತ್ತೊಂಬತ್ತರಲ್ಲಿ ಸ್ವೀಡನ್ನಿನ ಎರಡನೇ ಡಿವಿಜನ್. ಮೇಲಿನ ಲೀಗಿಗೆ ಬೇಕಾದ ವೇಗಕ್ಕೆ ಅರ್ಧ ಹೆಜ್ಜೆ ಕಡಿಮೆ. ಅಲ್ಲಿಂದ ಚಳಿಗಾಲದಲ್ಲಿ ಸೂರ್ಯನೇ ಏಳದ ಫಿನ್‌ಲ್ಯಾಂಡಿನ ಒಂದು ಊರು. ಆಮೇಲೆ ಜರ್ಮನಿ, ಆಸ್ಟ್ರಿಯಾ. ಇಟಲಿಯ ಬೆಟ್ಟದ ಊರಿನಲ್ಲಿ ಗೋಲ್‌ಕೀಪರ್ ಬೆಳಿಗ್ಗೆ ಬೇಕರಿಯಲ್ಲಿ ಬ್ರೆಡ್ ಬೇಯಿಸಿ ಸಂಜೆ ಆಡಲು ಬರುತ್ತಿದ್ದ. ಮತ್ತೆ ಹಾಲೆಂಡ್, ಮತ್ತೆ ಜರ್ಮನಿ. ಹೊಸ ಕ್ಲಬ್ ಅಂದರೆ ಹೊಸ ಬಾಡಿಗೆ ಕೋಣೆ, ಹೊಸ ಭಾಷೆಯ ಬೈಗುಳ.

"ಬೈಗುಳ ಎಂತಕ್ಕೆ?" ಅಂದ ಭುಜಂಗ.

"ಅಲ್ಲಿ ನನ್ನ ಬಣ್ಣದವನು ನಾನೊಬ್ಬನೇ. ಒಂದು ಊರಿನಲ್ಲಿ ನಾನು ಪಕ್ ಮುಟ್ಟಿದಾಗಲೆಲ್ಲ ಮೂರು ಸಾವಿರ ಜನ ಮಂಗನ ಹಾಗೆ ಕೂಗುತ್ತಿದ್ದರು. ಪಕ್ ಎಂದರೆ ನಮ್ಮ ಚೆಂಡು, ರಬ್ಬರಿನ ಬಿಲ್ಲೆ."

"ನೀವು ಎಂತ ಮಾಡಿದ್ರಿ?"

"ಮತ್ತೆ ಮುಟ್ಟಿದೆ. ವಿಂಗರ್ ಅಂಚಿನ ಗೋಡೆಯ ಬದಿಯಲ್ಲೇ ಓಡಬೇಕು. ಅಲ್ಲಿ ಜನ ಹತ್ತಿರ, ಎಲ್ಲ ಚೆನ್ನಾಗಿ ಕೇಳುತ್ತದೆ." ಅವನು ಉಷಾಳ ಕಡೆ ನೋಡಿ ಮೆಲ್ಲಗೆ ನಕ್ಕ. "ತಿರಸ್ಕಾರ ನನಗೆ ಅಭ್ಯಾಸವಿದೆ. ತಮ್ಮದು ಬಹಳ ಸೌಮ್ಯವಾದದ್ದು."

ಉಷಾಳ ಕಿವಿ ಬಿಸಿಯಾಯಿತು. ಆ ದಿನ ಅವಳು ಮೊಣಕಾಲನ್ನು ಎಷ್ಟು ಬೇಕೋ ಅಷ್ಟೇ ಮಡಿಸಿದಳು.

ಅವನು ಹೋದ ಮೇಲೆ ಭುಜಂಗ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಹೇಳಿದ: "ಅಮ್ಮಾ, ದುಡಿದು ಹೋದ ಭುಜ ಅಂದ್ರಿ. ನಿಜ ಹೇಳ್ತೆ, ಕ್ರೇನಿನ ಬಗ್ಗೆ ಮಾತಾಡುವಾಗ ನನ್ನ ಮುಖ ಹಾಂಗೆ ಬೆಳಗುದಿಲ್ಲ. ಒಂದ್ಸಲ ಆ ಆಟ ಕಂಡ್ಕೊಂಡು ಬನ್ನಿ."

ಬೇಸಿಗೆಯ ಆಟವೂ ಅಲ್ಲದ, ಮಳೆಯ ಆಟವೂ ಅಲ್ಲದ ಅದನ್ನು ಕಾಣಲು ಅವಳು ಒಂದು ಶುಕ್ರವಾರ ಮಧ್ಯಾಹ್ನ ಹೋದಳು. ನೋಡಿ ನಗಬೇಕೆಂದೇ ಹೋದಳು. ಹೊರಗೆ ಡಿಸೆಂಬರಿನಲ್ಲೂ ಕಾರಿನ ಬಾನೆಟ್ ಕಾದಿತ್ತು. ಒಳಗೆ ಹಲ್ಲು ಕಟಕಟ. ಅವನು ತನ್ನ ಹಳೆಯ ಕ್ಲಬ್ಬಿನ ಜಾಕೆಟ್ ತಂದು ಅವಳ ಹೆಗಲಿಗೆ ಹೊದಿಸಿದ. ತೋಳು ಅವಳ ಬೆರಳುಗಳನ್ನೂ ದಾಟಿ ಕೆಳಗೆ ಜೋತಾಡುತ್ತಿತ್ತು.

ಮಕ್ಕಳ ಪಾಠ ಮುಗಿದು ಐಸ್ ಖಾಲಿಯಾಯಿತು. ಅವನೊಬ್ಬನೇ ಉಳಿದ.

ನೆಲದ ಮೇಲೆ ಕುಂಟುವ ಮನುಷ್ಯ ಅಲ್ಲಿ ಕುಂಟಲಿಲ್ಲ. ಮೊದಲ ಸುತ್ತು ನಿಧಾನ. ಎರಡನೆಯದರಲ್ಲಿ ಗೋಡೆಯಂಚಿಗೆ ವಾಲಿಕೊಂಡು, ಬಲಗೈಯ ಕೋಲಿನ ತುದಿಯಲ್ಲಿ ಪಕ್ಕನ್ನು ಮಗುವನ್ನು ನಡೆಸಿಕೊಂಡು ಹೋಗುವ ಹಾಗೆ ಒಯ್ಯುತ್ತ, ಅವಳ ಎದುರಿನಿಂದ ಹಾದುಹೋದ. ಗಾಳಿ ಅವಳ ಕೂದಲಿಗೆ ತಾಗಿತು. ಕತ್ತರಿ ರೇಷ್ಮೆಯಲ್ಲಿ ಸರಿಯುವಂಥ ಸದ್ದೊಂದನ್ನು ಬಿಟ್ಟರೆ ಆ ಕಟ್ಟಡದಲ್ಲಿ ಬೇರೆ ಸದ್ದಿರಲಿಲ್ಲ. ಆ ಓರೆ ಮೂಗಿನ ಮುಖ ಈಗ ಓರೆಯಾಗಿ ಕಾಣಲಿಲ್ಲ. ಅವಳು ನಗಲು ಬಂದದ್ದನ್ನು ಮರೆತು ಎರಡೂ ಕೈಯಲ್ಲಿ ಕಟಕಟೆ ಹಿಡಿದುಕೊಂಡಿದ್ದಳು.

ಅವನು ನೇರ ಅವಳ ಮೇಲೇ ಬಂದು, ಒಂದು ಮೊಳ ದೂರದಲ್ಲಿ ಗಕ್ಕನೆ ನಿಂತ. ಮಂಜಿನ ಪುಡಿ ಹಾರಿ ಅವಳ ದುಪಟ್ಟಾ ಪೂರ್ತಿ ಬಿಳಿಯಾಯಿತು.

"ಬೇಕಂತ್ಲೇ ಮಾಡಿದ್ದು!"

"ಹೌದು," ಅಂದ. ಅವಳ ರೆಪ್ಪೆಯ ಮೇಲೆ ಕೂತ ಒಂದು ಹರಳು ಕರಗುವವರೆಗೂ ಅವನು ಕಣ್ಣು ತೆಗೆಯಲಿಲ್ಲ. "ಈಗ ಹೇಳಿ, ಬಚ್ಚಲಿನಲ್ಲಿ ಇದನ್ನು ಕಲಿಯಬಹುದೇ?"

"ಒಂದು ಪ್ರಯೋಜನಕ್ಕಿಲ್ಲದ ಆಟ," ಅಂದಳು ಉಷಾ. ಧ್ವನಿಯಲ್ಲಿ ಮಾತ್ರ ಬೇಕಾದಷ್ಟು ಖಾರ ಬರಲಿಲ್ಲ.

ಕ್ರಿಸ್‌ಮಸ್ಸಿಗೆ ಎರಡು ದಿನ ಮೊದಲು ಅವನು ಒಂದು ಫ್ಯಾಕ್ಸ್ ಹಿಡಿದುಕೊಂಡು ಬಂದ. ಡೆನ್ಮಾರ್ಕಿನ ಒಂದು ಕ್ಲಬ್ಬಿನಲ್ಲಿ ಇಬ್ಬರು ವಿಂಗರುಗಳು ಗಾಯಗೊಂಡಿದ್ದಾರೆ. ಉಳಿದ ಇಪ್ಪತ್ತು ಆಟಕ್ಕೆ ಅವನನ್ನು ಕರೆಯುತ್ತಿದ್ದಾರೆ. ಮೊಣಕಾಲು ಗಟ್ಟಿಯಿದೆ ಎಂಬ ವರದಿ ಬೇಕು.

"ತಾವು ಬರೆದರೆ ಡಾಕ್ಟರು ಸಹಿ ಹಾಕುತ್ತಾರೆ."

"ಗಟ್ಟಿ ಇಲ್ಲ," ಅಂದಳು. "ಮಕ್ಕಳ ಜೊತೆ ಜಾರ್ಲಿಕ್ಕೆ ಸಾಕು. ಎರಡು ಆಳು ಬಂದು ಗೋಡೆಗೆ ಗುದ್ದಿದ್ರೆ ಹೋಯ್ತು. ಮೂವತ್ತೆರಡು ವರ್ಷದ ಮನುಷ್ಯ, ಇನ್ನೂ ಆಟ ಆಟ ಅಂತ ಸಾಯ್ತೀರಲ್ಲ, ನಾಚಿಕೆ ಆಗುದಿಲ್ವಾ?"

ಅವನು ಫ್ಯಾಕ್ಸನ್ನು ಮಡಿಸಿ ಮೇಜಿನ ಮೇಲಿಟ್ಟ. ಆಮೇಲೆ ಮೊದಲ ಸಲ ಇಸ್ತ್ರಿ ಕಳಚಿದ ಕನ್ನಡದಲ್ಲಿ ಮಾತಾಡಿದ.

"ಹೋದ ವರ್ಷ ನನ್ನನ್ನು ಸ್ಟ್ರೆಚರಿನಲ್ಲಿ ಹೊರಗೆ ತಂದ್ರು. ಅದೇ ಕೊನೇ ಆಟ ಅಂತ ನನಗೆ ಗೊತ್ತಿರಲಿಲ್ಲ. ಹದಿಮೂರು ವರ್ಷ, ಉಷಾ. ಒಂದ್ಸಲ ಗೊತ್ತಿದ್ದು ಆಡಬೇಕು. ಆಮೇಲೆ ನನ್ನ ಕಾಲ ಮೇಲೆ ನಾನೇ ಹೊರಗೆ ಬರಬೇಕು. ಅಷ್ಟೇ."

'ತಾವು' ಹೋಗಿ 'ಉಷಾ' ಬಂದದ್ದು ಇಬ್ಬರಿಗೂ ಕೇಳಿಸಿತು. ಅವಳು ತಲೆ ತಗ್ಗಿಸಿ ಬರೆಯಲು ಶುರುಮಾಡಿದಳು. ಸುಳ್ಳು ಬರೆಯಲಿಲ್ಲ. ಮೊಣಕಾಲಿನ ಲಿಗಮೆಂಟ್ ಅರ್ಧ ಹರಿದಿದೆ, ಹೆಚ್ಚೆಂದರೆ ಇಪ್ಪತ್ತು ಆಟ, ಆಮೇಲೆ ಆಪರೇಷನ್ ಖಂಡಿತ ಎಂದು ಬರೆದು ಅವನ ಕೈಗಿಟ್ಟಳು. ಅದನ್ನು ಓದಿದ ಮೇಲೆ ಯಾವ ಕ್ಲಬ್ಬೂ ಅವನನ್ನು ಕರೆಯುವುದಿಲ್ಲ ಎಂಬುದು ಅವಳ ಲೆಕ್ಕ. ಕ್ಲಬ್ಬಿನವರು ಓದಿದರು, ಇಪ್ಪತ್ತು ಸಾಕು, ಕೂಡಲೇ ಬಾ ಅಂದರು. ಮನುಷ್ಯನ ಕಾಲನ್ನು ಕಬ್ಬಿನ ಹಾಗೆ ಹಿಂಡುವ ಆ ಕಾಣದ ಜನರನ್ನು ಅವಳು ಮನಸ್ಸಿನಲ್ಲೇ ತನ್ನ ಊರು ಕುಂದಾಪುರದ ಅಷ್ಟೂ ಬೈಗುಳಗಳಿಂದ ಬೈದಳು.

ಮುಹರ್ರಕ್ ವಿಮಾನ ನಿಲ್ದಾಣಕ್ಕೆ ಬಿಡಲು ಹೋದವಳೂ ಅವಳೇ. ರಿಂಕಿನ ಯಜಮಾನರು ಏಪ್ರಿಲ್‌ವರೆಗೆ ಕೆಲಸ ಕಾದಿಡುವುದಾಗಿ ಹೇಳಿದ್ದರು. ದಾರಿಯುದ್ದಕ್ಕೂ ಅವಳು ಮೊಣಕಾಲಿಗೆ ಟೇಪು ಸುತ್ತುವ ಕ್ರಮವನ್ನೇ ಹೇಳುತ್ತಿದ್ದಳು.

"ತಮ್ಮನ್ನು ಬಹಳ ನೆನೆಯುತ್ತೇನೆ," ಅಂದ ಅವನು ಬಾಗಿಲಲ್ಲಿ.

"ನೆನೆಯುದು ಬೇಡ. ಆಟ ಮುಗಿದ ಮೇಲೆ ಇಪ್ಪತ್ತು ನಿಮಿಷ ಐಸ್ ಇಡಿ. ನಿಮ್ಗೆ ಅದಕ್ಕೇನು ಬರ ಉಂಟಾ ಅಲ್ಲಿ?"

ಅವನು ಅವಳ ಕೈ ಹಿಡಿದುಕೊಂಡ. ಅವಳು ಬಿಡಿಸಿಕೊಳ್ಳಲಿಲ್ಲ, ಬೇರೆ ಕಡೆ ನೋಡಿದಳು. ಸಂಜೆಯ ಬಿಸಿಲಿನಲ್ಲಿ ಬಸ್ಸೊಂದು ಸೇತುವೆಯ ಕಡೆ ತಿರುಗುತ್ತಿತ್ತು. ಅದು ಮರೆಯಾಗುವವರೆಗೂ ಆ ಕೈ ಅಲ್ಲೇ ಇತ್ತು.

ಪ್ರತಿ ಆಟದ ಮರುದಿನ ಫೋನು. ಅವನು ಗೋಲಿನ ಸುದ್ದಿ ಹೇಳುತ್ತಿದ್ದ, ಅವಳು ಊತದ ಅಳತೆ ಕೇಳುತ್ತಿದ್ದಳು. "ಪ್ರೇಮಿಗಳು ಹೀಂಗೆ ಮಾತಾಡುದಾ?" ಎಂದು ಮೋಹನದಾಸ ಹೆಂಡತಿಯ ಹತ್ತಿರ ಪಿಸುಗುಟ್ಟಿದ್ದು ಕೇಳಿಸಿ, ಅವಳು ರಿಸೀವರಿನ ಮೇಲೆ ಕೈಮುಚ್ಚಿ ಅಣ್ಣನನ್ನು ದುರುಗುಟ್ಟಿ ನೋಡಿದ್ದಳು. ಫೆಬ್ರವರಿ ಕೊನೆಯಲ್ಲಿ ಹದಿನೈದನೇ ಆಟದ ಮರುದಿನ ಫೋನು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಆ ಎರಡು ದಿನ ಫಿಸಿಯೋಥೆರಪಿ ವಿಭಾಗದಲ್ಲಿ ಅವಳು ಯಾರನ್ನೂ ಬೈಯಲಿಲ್ಲ. ರೋಗಿಗಳು ಹೆದರಿಹೋದರು. ಮೂರನೆಯ ದಿನ ಆಸ್ಪತ್ರೆಯ ಹಾಸಿಗೆಯಿಂದ ಅವನ ದನಿ ಬಂತು: ಆಪರೇಷನ್ ಆಯಿತು, ಡಾಕ್ಟರ ಪರವಾನಗಿ ಸಿಕ್ಕಿದ ಕೂಡಲೇ ಹೊರಡುತ್ತೇನೆ.

ಮಾರ್ಚಿನ ಒಂದು ಬೆಳಿಗ್ಗೆ ಅವಳು ಅಣ್ಣನ ಜೊತೆ ಆಗಮನದ ಬಾಗಿಲಲ್ಲಿ ನಿಂತಿದ್ದಳು. ವಿಮಾನದವರ ವೀಲ್‌ಚೇರಿನಲ್ಲಿ, ಕಾಲಿಗೆ ಉದ್ದದ ಪಟ್ಟಿ, ತೊಡೆಯ ಮೇಲೆ ಊರುಗೋಲು ಇಟ್ಟುಕೊಂಡು ಅವನು ಬಂದ. ಗಡ್ಡ ಬೆಳೆದಿತ್ತು. ಕಣ್ಣು ಮಾತ್ರ ಹಬ್ಬದ ದಿನದ ಹುಡುಗನದು.

"ಬಿದ್ದೆ," ಅಂದ. "ಸ್ಟ್ರೆಚರ್ ತಂದರು. ಬೇಡ ಅಂದೆ. ಒಂದೇ ಕಾಲಿನಲ್ಲಿ ಗೋಡೆ ಹಿಡಿದುಕೊಂಡು ಬಾಗಿಲವರೆಗೆ ನಾನೇ ಬಂದೆ, ಉಷಾ. ಎಲ್ಲರೂ ಎದ್ದು ನಿಂತಿದ್ದರು."

"ದೊಡ್ಡ ಸಾಧನೆ! ಆ ಒಂದು ಕಾಲಿನ ಸರ್ಕಸ್ಸಿನಿಂದ ಎಷ್ಟು ಹಾಳಾಗಿದೆಯೋ ಏನೋ. ಬುದ್ಧಿ ಇಲ್ಲದ ಮನುಷ್ಯ. ಬುದ್ಧಿ ಇಲ್ಲದ ಆಟ. ಎದ್ದು ನಿಂತ ಆ ಜನಕ್ಕೂ ಬುದ್ಧಿ ಇಲ್ಲ." ಬೈಯುತ್ತಲೇ ಅವಳು ಬಾಗಿ ಪಟ್ಟಿಯ ಬಿಗಿ ನೋಡಿದಳು. ಪಟ್ಟಿಯ ಮೇಲೆ ಎರಡು ಹನಿ ಬಿದ್ದವು. ಅವನು ನೋಡಿದ. ನೋಡಿದ್ದನ್ನು ಹೇಳುವಷ್ಟು ದಡ್ಡನಾಗಿರಲಿಲ್ಲ.

ಅವಳು ಕುರ್ಚಿಯ ಹಿಡಿ ಹಿಡಿದಳು. ವೀಲ್‌ಚೇರ್ ತಂದ ಸಿಬ್ಬಂದಿ ತಡೆದ. ಕಾರಿನವರೆಗೆ ಒಯ್ಯಬೇಕಾದರೆ ಮನೆಯವರು ಸಹಿ ಹಾಕಬೇಕು ಎಂದು ಹಿಂದಿಯಲ್ಲಿ ಹೇಳಿ, ಅವಳನ್ನೂ ಅವನನ್ನೂ ನೋಡಿ ಸಂಬಂಧ ಕೇಳಿದ: "ಯೇ ಆಪ್‌ಕೇ ಕೌನ್ ಹೈಂ?"

ಮೋಹನದಾಸ ಬಾಯಿ ತೆರೆದ. ಉಷಾ ಅಷ್ಟರಲ್ಲೇ ಕಾಗದ ಕಿತ್ತುಕೊಂಡು ಸಹಿ ಹಾಕಿಯಾಗಿತ್ತು.

"ಮೇರಾ ಆದ್ಮಿ ಹೈ," ಅಂದಳು. "ಕ್ಯಾ ಕರೇಂ!"

ಕುರ್ಚಿ ಹೊರಗೆ ಬಿಸಿಲಿಗೆ ಬಂತು. ಹಿಂದಿ ಬಾರದ ಪ್ರಖ್ಯಾತ್ ಕತ್ತು ತಿರುಗಿಸಿ ಅವಳನ್ನು ನೋಡಿದ. "ತಾವು ಅವನಿಗೆ ಏನೆಂದು ಹೇಳಿದಿರಿ?"

ಅವಳು ಕುರ್ಚಿಯನ್ನು ಇನ್ನಷ್ಟು ಜೋರಾಗಿ ತಳ್ಳಿದಳು. ಉತ್ತರ ಕೊಟ್ಟವನು ಮೋಹನದಾಸ. "ಗಂಡ ಅಂದಳು ಮಾರಾಯ್ರೆ," ಅಂದ, ಇನ್ನೂ ಬಾಯಿ ಪೂರ್ತಿ ಮುಚ್ಚದೆ. "ನನ್ನನ್ನೂ ಒಂದು ಮಾತು ಕೇಳ್ಲಿಲ್ಲ, ನಿಮ್ಮನ್ನೂ ಕೇಳ್ಲಿಲ್ಲ."

ಪ್ರಖ್ಯಾತ್ ಏನೋ ಹೇಳಹೊರಟ. ಪಾಠಪುಸ್ತಕದ ಯಾವ ಪುಟದಲ್ಲೂ ಅವನಿಗೆ ಬೇಕಾದ ವಾಕ್ಯ ಸಿಗಲಿಲ್ಲ. ಹಿಂದಕ್ಕೆ ಕೈ ಚಾಚಿ, ಹಿಡಿಯ ಮೇಲಿದ್ದ ಅವಳ ಬೆರಳುಗಳನ್ನು ತನ್ನ ಹೆಗಲಿಗೆ ಒತ್ತಿಕೊಂಡ.

"ಎದುರು ಕಾಣಿ," ಅಂದಳು ಉಷಾ, ಕೈ ತೆಗೆಯದೆ. "ಕಾಲು ಮೇಲೆತ್ತಿಡಿ. ನೆಲಕ್ಕೆ ತಾಗ್ತದೆ."