ಫಾಖರ್ ಬಿಟ್ಟುಹೋದ ಬಾಕ್ಸ್

ಸುಂದುಸ್ ಅಂಗಡಿಯೊಳಗೆ ಕಾಲಿಟ್ಟ ಹೊತ್ತಿಗೆ ಸರಿಯಾಗಿ, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ಯಾರದೋ ಟಿವಿ ಬಾಕ್ಸಿನಿಂದ ಮೂರು ಜಿರಳೆಗಳು ಹೊರಬಿದ್ದು ಮೂರು ದಿಕ್ಕಿಗೆ ಓಡಿದವು.

ಅವಳು ಬಾಗಿಲವರೆಗೆ ಹಿಂದೆ ಸರಿದಳು. ಮೇಜಿನಾಚೆ ಕೂತಿದ್ದವನು ಮಾತ್ರ ಕದಲಲಿಲ್ಲ. ಎಡಗೈಯಲ್ಲಿ ಅರ್ಧ ತಿಂದ, ಕರಿದು ಹೂರಣ ತುಂಬಿದ ಫ್ರಿಕಾಸೆ ಬನ್ನು ಹಿಡಿದುಕೊಂಡೇ ಬಲಗೈಯಿಂದ ಬ್ರಷ್ ಎತ್ತಿ, ಮೂರನ್ನೂ ಡಬ್ಬಿಯೊಳಗೆ ಗುಡಿಸಿ ಮುಚ್ಚಳ ಬಿಗಿದ. ಆಮೇಲೆ ಫ್ರಿಕಾಸೆಯನ್ನು ಇನ್ನೊಮ್ಮೆ ಕಚ್ಚಿದ. ತುಟಿಯಂಚಿನಲ್ಲಿ ಖಾರದ ಕೆಂಪೆಣ್ಣೆ ಮಿನುಗಿತು.

"ಥೂ," ಅಂದಳು ಸುಂದುಸ್, ತನಗರಿವಿಲ್ಲದೆ.

"ಒಳಗೆ ಬೆಚ್ಚಗಿರುತ್ತಲ್ಲ ಲಲ್ಲಾ, ಸಂಸಾರ ಹೂಡ್ತವೆ. ನಿಮ್ಮದರಲ್ಲಿ ಎಷ್ಟಿವೆ?" ಲಲ್ಲಾ ಅಂದರೆ ಅಮ್ಮಾವ್ರೇ ಅನ್ನುವ ಮರ್ಯಾದೆ.

"ನಮ್ಮನೇಲಿ ಜಿರಳೆ ಇಲ್ಲ."

"ಇಲ್ಲಿಗೆ ಬರೋರೆಲ್ಲ ಹಾಗೇ ಹೇಳ್ತಾರೆ."

ಸುಂದುಸ್‌ಗೆ ಹೇಸಿಗೆ ಬಲುಬೇಗ ಹುಟ್ಟುತ್ತಿತ್ತು. ಮೂವತ್ತೊಂದು ವರ್ಷದ ಅವಳು ಕೆಲಸ ಮಾಡುತ್ತಿದ್ದ ಔಷಧದಂಗಡಿಯಲ್ಲಿ ಜನ ಬೆರಳಿಗೆ ಎಂಜಲು ಹಚ್ಚಿ ಡಾಕ್ಟರ ಚೀಟಿ ಬಿಡಿಸಿ ಕೊಟ್ಟರೆ, ಆ ಚೀಟಿಯನ್ನು ತುದಿಯಲ್ಲಿ ಹಿಡಿದು ಓದುತ್ತಿದ್ದಳು. ನೆಂಟರ ಮನೆಯಲ್ಲಿ ನೀರು ಕುಡಿಯುತ್ತಿರಲಿಲ್ಲ. ಸ್ಫಾಕ್ಸ್ ಊರಿನ ಹಳೇ ಕೋಟೆಗೋಡೆಯ ಬದಿಯ ಈ ಓಣಿಗೂ, ಬೇರೆ ಎರಡು ಅಂಗಡಿಯವರು "ಇದು ಸತ್ತಿದೆ, ಹೊಸದು ತಗೊಳ್ಳಿ" ಅಂದಮೇಲೆ, ಮೂಗು ಮುಚ್ಚಿಕೊಂಡೇ ಬಂದಿದ್ದಳು.

ಅವನ ಹೆಸರು ಶಾದ್ಲಿ. ಬಾಗಿಲ ಮೇಲಿನ ಫಲಕದಲ್ಲಿ ಅರ್ಧ ಅಳಿಸಿಹೋಗಿತ್ತು.

"ಏನಾಗಿದೆ?"

"ಲೋಗೋ ಬರುತ್ತೆ, ಆರುತ್ತೆ. ಮತ್ತೆ ಬರುತ್ತೆ, ಮತ್ತೆ ಆರುತ್ತೆ. ಮೊನ್ನೆಯಿಂದ ಇದೇ ಪಾಡು."

"ಅದಕ್ಕೆ ಮುಂಚೆ ಏನು ಮಾಡಿದ್ರಿ?"

"ಫ್ಯಾಕ್ಟರಿ ರೀಸೆಟ್."

"ಯಾಕೆ?"

"ಕ್ಲೀನ್ ಮಾಡೋಕೆ."

"ಏನನ್ನ?"

"ಒಬ್ಬ ಮನುಷ್ಯನ್ನ."

ಅವನ ದವಡೆ ನಿಂತಿತು. ಹಣೆಗೆ ಕಟ್ಟಿದ್ದ ಭೂತಗನ್ನಡಿಯನ್ನು ಮೇಲೆ ಸರಿಸಿ ಮೊದಲ ಸಲ ಅವಳನ್ನು ಸರಿಯಾಗಿ ನೋಡಿದ. ಅವನ ಕಣ್ಣು ಜೇನಿನ ಬಣ್ಣದ್ದು. ಈ ಕೊಳಕಿನ ನಡುವೆ ಅಷ್ಟು ತಿಳಿಯಾದದ್ದು ಬೇರೇನೂ ಇರಲಿಲ್ಲ. ಅದು ಸುಂದುಸ್‌ಗೆ ಕಿರಿಕಿರಿಯಾಯಿತು.

"ಹೋದನಾ?"

"ಅವನೂ ಹೋದ, ಬಾಕ್ಸೂ ಹೋಯ್ತು."

ಆ ಮನುಷ್ಯನ ಹೆಸರು ಫಾಖರ್. ನಿಶ್ಚಿತಾರ್ಥದ ಮರುವಾರ ಈ ಬಾಕ್ಸ್ ತಂದು, ತನ್ನ ಅಕೌಂಟ್ ಹಾಕಿ, ಟಿವಿಗೆ ಜೋಡಿಸಿ ಕೊಟ್ಟಿದ್ದ. ಸುಂದುಸ್‌ಳ ತಾಯಿ ಮನ್ನೂಬಿಯ ಸಂಜೆ ಐದಕ್ಕೆ ಅದರಲ್ಲಿ ಧಾರಾವಾಹಿ ನೋಡುತ್ತಾ ಅವನನ್ನು ಹರಸುತ್ತಿದ್ದಳು. ಜನವರಿಯಲ್ಲಿ ಒಂದು ದಿನ ಅವನು ತನ್ನ ಗೆಳೆಯರಿಗೆ ಕಳಿಸಿದ ವಿಡಿಯೋ ತಪ್ಪಿ ಸುಂದುಸ್‌ಗೂ ಬಂತು. ಅದರಲ್ಲಿ ಅವನು ಮನ್ನೂಬಿಯಳ ಕಟ್ಟುಹಲ್ಲು ಊಟದ ಹೊತ್ತಿಗೆ ಜಾರುವುದನ್ನು, ಅವಳು ಅದನ್ನು ನಾಲಿಗೆಯಿಂದ ಒತ್ತಿಕೊಳ್ಳುವುದನ್ನು ಅಣಕಿಸಿ ಜೊಲ್ಲು ಸುರಿಸಿದ್ದ. ಗೆಳೆಯರು ನಕ್ಕಿದ್ದರು.

ಸುಂದುಸ್ ಅವತ್ತೇ ಉಂಗುರ ವಾಪಸ್ ಕೊಟ್ಟಳು. ಕಾರಣವನ್ನು ಮಾತ್ರ ತಾಯಿಗೆ ಹೇಳಲಿಲ್ಲ. ಹೇಳಿದರೆ ಅವಳು ಇನ್ನು ಯಾರೆದುರೂ ಬಾಯಿ ತೆರೆದು ಉಣ್ಣುವುದಿಲ್ಲವೆಂದು ಗೊತ್ತಿತ್ತು. ಹಾಗಾಗಿ ಮನ್ನೂಬಿಯಳ ಲೆಕ್ಕದಲ್ಲಿ ಫಾಖರ್ ಇನ್ನೂ ಚಿನ್ನದಂಥ ಹುಡುಗ, ಮಗಳೇ ತಲೆಕೆಟ್ಟವಳು.

ಬಾಕ್ಸ್ ಉಳಿಯಿತು, ಅವನ ಅಕೌಂಟೂ ಉಳಿಯಿತು; ಇವರು ನೋಡಿದ್ದೆಲ್ಲ ಅವನ ಫೋನಿನಲ್ಲೂ ಕಾಣುತ್ತಿತ್ತು. ಹೊಸ ಹೊಸ ನಂಬರಿನಿಂದ ಅವನ ಮೆಸೇಜ್ ಬರತೊಡಗಿತು. 'ನಿನ್ನೆ ಆರನೇ ಕಂತು ಅರ್ಧಕ್ಕೇ ಬಿಟ್ಟೆಯಲ್ಲ, ನಿದ್ದೆ ಬಂತಾ?' ಓದಿದಾಗ, ಮಲಗಿದ್ದವಳ ಮುಖವನ್ನು ಯಾರೋ ನೆಕ್ಕಿದಂತಾಗಿ ಅವಳು ಎದ್ದು ಸೋಪು ಹಚ್ಚಿ ಮುಖ ತೊಳೆದಿದ್ದಳು. ಅವತ್ತೇ ರೀಸೆಟ್ ಒತ್ತಿದ್ದು.

ಶಾದ್ಲಿಗೆ ಇದರಲ್ಲಿ ಒಂದೂ ಹೇಳಲಿಲ್ಲ. ಅವನು ಕೇಳಲೂ ಇಲ್ಲ. ಬಾಕ್ಸನ್ನು ತನ್ನ ಪ್ಲಗ್ಗಿಗೆ, ತನ್ನ ಹಳೇ ಟಿವಿಗೆ ಸಿಕ್ಕಿಸಿದ. ಲೋಗೋ ಬಂತು, ನಿಂತಿತು, ಭಾಷೆ ಯಾವುದು ಅಂತ ವಿನಯದಿಂದ ಕೇಳಿತು.

"ಆರೋಗ್ಯವಾಗಿದೆಯಲ್ಲ," ಅಂದ ಶಾದ್ಲಿ.

"ಮನೇಲಿ ಹೀಗಿರಲಿಲ್ಲ."

"ಕೆಲವರು ಮನೇಲಿ ಒಂಥರಾ ಇರ್ತಾರೆ, ಹೊರಗಡೆ ಒಂಥರಾ."

ನಗದೆ ಹೇಳಿದ. ಕಣ್ಣಂಚು ಮಾತ್ರ ನಕ್ಕಿತು. ಸುಂದುಸ್ ಬಾಕ್ಸನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೊರಟುಬಂದಳು.

ಮನೆಯಲ್ಲಿ ಹಾಕಿದರೆ ಮತ್ತೆ ಅದೇ. ಲೋಗೋ, ಕತ್ತಲೆ, ಲೋಗೋ, ಕತ್ತಲೆ.

"ಫಾಖರ್ ಇದ್ದಿದ್ರೆ ಒಂದು ನಿಮಿಷದ ಕೆಲಸ," ಅಂದಳು ಮನ್ನೂಬಿಯ, ಆರಿದ ಟಿವಿಯ ಮುಂದೆ ಕೂತು ಬಟಾಣಿ ಬಿಡಿಸುತ್ತಾ.

"ಅವನ ಹೆಸರು ಎತ್ತಬೇಡ ಅಮ್ಮಾ, ಊಟ ಸೇರಲ್ಲ."

"ನಿನಗೆ ಯಾರನ್ನ ಕಂಡ್ರೆ ಊಟ ಸೇರುತ್ತೆ ಹೇಳು."

ಮರುದಿನ ಮಧ್ಯಾಹ್ನ ಸುಂದುಸ್ ಓಣಿಯನ್ನು ದುಮುದುಮು ದಾಟಿಬಂದು ಬಾಕ್ಸನ್ನು ಅವನ ಮೇಜಿನ ಮೇಲೆ ಕುಕ್ಕಿದಳು.

"ಉಸ್ತಾದ್, ಇದೇನು ಆಟ? ನಾನು ಮತ್ತೆ ಬರಲಿ ಅಂತ ಏನಾದ್ರೂ ಮಾಡಿಟ್ರಾ?"

ಅವನ ಕಿವಿ ಕೆಂಪಾಯಿತು. "ಹೆಣ್ಣುಮಕ್ಕಳನ್ನ ಎರಡು ಸಲ ಬರಿಸೋಕೆ ಯಂತ್ರ ಕೆಡಿಸೋ ಅಷ್ಟು ಬುದ್ಧಿ ಇದ್ದಿದ್ರೆ, ಮೂವತ್ತಾರು ವರ್ಷಕ್ಕೆ ಈ ಡಬ್ಬಿ ಜೊತೆ ಒಬ್ಬನೇ ಕೂತಿರ್ತಿರಲಿಲ್ಲ, ಲಲ್ಲಾ."

ಡಬ್ಬಿಯೊಳಗೆ ಏನೋ ಸರಸರ ಅಂದಿತು. ಅವಳಿಗೆ ಮೈ ಜುಮ್ಮೆಂದಿತು, ನಗುವೂ ಬಂತು, ಎರಡನ್ನೂ ನುಂಗಿದಳು.

"ಪೂರ್ತಿ ಸಾಫ್ಟ್‌ವೇರ್ ಹೊಸದಾಗಿ ಹಾಕ್ತೀನಿ. ಇಪ್ಪತ್ತು ನಿಮಿಷ. ಕೂತ್ಕೊಳ್ಳಿ."

ಅವಳು ಕುರ್ಚಿ ನೋಡಿದಳು. ಅವನೂ ಕುರ್ಚಿ ನೋಡಿದ. ಎದ್ದು, ಅದರ ಮೇಲೆ ಅವತ್ತಿನ ಪತ್ರಿಕೆ ಹಾಸಿದ. ಅವಳು ತುದಿಯಲ್ಲಿ ಕೂತಳು.

ಪೆನ್‌ಡ್ರೈವ್‌ನಿಂದ ಕಡತಗಳು ಇಳಿಯುತ್ತಿದ್ದವು. ಶಾದ್ಲಿ ಕಾಗದದ ಪೊಟ್ಟಣ ಬಿಚ್ಚಿ, ಫ್ರಿಕಾಸೆಯನ್ನು ಕೈಯಲ್ಲೇ ಎರಡು ಮಾಡಿ ಒಂದು ತುಂಡು ಮುಂದೆ ಹಿಡಿದ. ಕೇಳದೇ ತಿನ್ನುವುದು ತಪ್ಪು ಅಂತ ಹಿಡಿದದ್ದು, ತಗೊಳ್ಳುತ್ತಾಳೆ ಅಂತಲ್ಲ. ಅವಳು ಪರದೆಯನ್ನೇ ನೋಡುತ್ತಾ ಕೈ ಚಾಚಿ ತಗೊಂಡು ಕೇಳಿದಳು.

"ಇಷ್ಟು ಗಲೀಜು ಮುಟ್ಟೋಕೆ ನಿಮಗೆ ಅಸಹ್ಯ ಆಗಲ್ವಾ?"

"ಜಿರಳೆ ಮೋಸ ಮಾಡಲ್ಲ. ಬೆಚ್ಚಗಿರೋ ಕಡೆ ಹೋಗುತ್ತೆ, ಅಷ್ಟೇ. ನನಗೆ ಅಸಹ್ಯ ಆಗೋದು ಬೇರೆ. ಚೆನ್ನಾಗಿರೋ ಯಂತ್ರನ ಸತ್ತಿದೆ ಅಂತ ಹೇಳಿ ವಯಸ್ಸಾದೋರಿಗೆ ಹೊಸದು ಮಾರ್ತಾರಲ್ಲ, ಅವರ ಜೊತೆ ನಾನು ಕಾಫಿ ಕುಡಿಯಲ್ಲ."

ಟೂನಾ, ಮೊಟ್ಟೆ, ಉಪ್ಪಲ್ಲಿಟ್ಟ ನಿಂಬೆ. ಅರ್ಧ ಮುಗಿದ ಮೇಲೆ ಸುಂದುಸ್‌ಗೆ ತಾನು ತಿನ್ನುತ್ತಿರುವುದು ಅರಿವಾಯಿತು. ಆ ಕೈ ಮುಟ್ಟಿದ್ದು, ಆ ಉಗುರು ತಾಕಿದ್ದು. ಓಕರಿಕೆ ಈಗ ಬರುತ್ತದೆ, ಈಗ ಬರುತ್ತದೆ ಅಂತ ಕಾದಳು. ಬರಲಿಲ್ಲ. ಅವಳಿಗೆ ನಿಜವಾಗಿ ಗಾಬರಿಯಾಯಿತು.

ಅವನು ಗಮನಿಸಿದ್ದ. ಕಾಗದದ ಕರವಸ್ತ್ರವನ್ನು ಅವಳತ್ತ ಸರಿಸಿ, ಕಣ್ಣನ್ನು ಪರದೆಗೆ ತಿರುಗಿಸಿಕೊಂಡ. ಅವಳು ಆ ಕಿವಿಯನ್ನೇ ನೋಡಿದಳು. ಅದು ಇನ್ನೂ ಕೆಂಪಗಿತ್ತು.

ಪರೀಕ್ಷೆಗೆಂದು ಬಿಟ್ಟುಬಂದ ಬಾಕ್ಸ್ ಅವನ ಅಂಗಡಿಯಲ್ಲಿ ಒಂದು ಇಡೀ ದಿನ ನಡೆಯಿತು. ಮನೆಗೆ ತಂದರೆ ಮತ್ತೆ ಸತ್ತಿತು.

ಈ ಸಲ ಅವಳು ಜಗಳಕ್ಕೆ ಹೋಗಲಿಲ್ಲ, ಫೋನ್ ಮಾಡಿದಳು. ಅವನು, "ತಪ್ಪು ಬಾಕ್ಸಿನದಲ್ಲ, ನಿಮ್ಮ ಮನೇದು," ಅಂದ. "ನಾಳೆ ನಾಲ್ಕೂವರೆಗೆ ಬಂದು ನೋಡ್ಲಾ?"

"ಬನ್ನಿ," ಅಂದಳು. ಆಮೇಲೆ ಇಡೀ ಮನೆಯನ್ನು ಎರಡು ಸಲ ಒರೆಸಿದಳು.

ಮರುದಿನ ಕೆಲಸ ಮುಗಿಸಿ ಬಾಗಿಲು ತೆಗೆದರೆ ಮೂಗಿಗೆ ಬಡಿದದ್ದು ಫಾಖರ್‌ನ ಅತ್ತರು. ಅವನು ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಬಾದಾಮಿ ತೇಲುವ ಚಹಾ ಹೀರುತ್ತಿದ್ದ. ಗ್ಲಾಸಿಗೆ ಬೆರಳು ಹಾಕಿ ಬಾದಾಮಿ ಎತ್ತಿ ಬಾಯಿಗೆ ಹಾಕಿಕೊಂಡು, ಬೆರಳು ಚೀಪಿ, ಅದೇ ಬೆರಳಲ್ಲಿ ರಿಮೋಟ್ ಒತ್ತಿದ. ಸುಂದುಸ್ ಬಾಗಿಲಲ್ಲೇ ನಿಂತಳು.

"ನಾನೇ ಕರೆದೆ," ಅಂದಳು ಮನ್ನೂಬಿಯ, ಟಿವಿಯ ಎದುರಿನ ತನ್ನ ಕುರ್ಚಿಯಿಂದ. "ಎಷ್ಟು ದಿನ ಮುನಿಸು? ಬಾಕ್ಸೂ ಸರಿಹೋಗ್ಲಿ, ನೀವೂ ಸರಿಹೋಗಿ."

"ಮನೆ ಸೊರಗಿದ ಹಾಗೆ ಕಾಣ್ತಿದೆ ನಾನಿಲ್ಲದೆ," ಅಂದ ಫಾಖರ್.

ಅಷ್ಟರಲ್ಲಿ ಕರೆಗಂಟೆ ಸದ್ದು ಮಾಡಿತು. ಶಾದ್ಲಿ ಬಾಗಿಲಲ್ಲಿ ಚಪ್ಪಲಿ ಕಳಚಿ, ಚೀಲ ಎದೆಗವಚಿಕೊಂಡು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ. ಸೋಫಾದಲ್ಲಿದ್ದವನನ್ನು ನೋಡಿದ, ಸುಂದುಸ್‌ಳನ್ನು ನೋಡಿದ, ಅರ್ಥವಾಯಿತು.

"ಒರೆಸಬೇಕಾಗಿದ್ದ ಮನುಷ್ಯ ಇವರೇನಾ?" ಅಂದ ಮೆಲ್ಲಗೆ.

"ಹೌದು."

ಅವನು ಮನ್ನೂಬಿಯಳನ್ನು ಚಿಕ್ಕಮ್ಮನೆಂಬಂತೆ, "ಖಾಲ್ತಿ, ಅನುಮತಿ ಕೊಡಿ," ಅಂತ ಕೇಳಿಕೊಂಡು ಟಿವಿಯ ಹಿಂದೆ ಬಗ್ಗಿದ. ಪರದೆಯ ಮೇಲೆ ಲೋಗೋ ಬೆಳಗುತ್ತಿತ್ತು, ಆರುತ್ತಿತ್ತು. ಒಂದು ನಿಮಿಷವೂ ಹಿಡಿಯಲಿಲ್ಲ.

"ಖಾಲ್ತಿ, ಇದರ ವೈರು ಟಿವಿಗೇ ಸಿಕ್ಕಿಸಿದೆ. ಟಿವಿ ಕೊಡೋ ಕರೆಂಟು ಇದಕ್ಕೆ ಸಾಲಲ್ಲ. ಹೇಗೋ ಎಳೀತಾ ಇತ್ತು. ರೀಸೆಟ್ ಆದಮೇಲೆ ಎಲ್ಲ ಮೊದಲಿಂದ ಜೋಡಿಸಿಕೊಳ್ಳಬೇಕಲ್ಲ, ಶಕ್ತಿ ಸಾಲದೆ ಬೀಳುತ್ತೆ, ಏಳುತ್ತೆ. ಇದರ ಜೊತೆ ಗೋಡೆಗೆ ಹಾಕೋ ಅಡಾಪ್ಟರ್ ಬಂದಿರುತ್ತೆ. ಎಲ್ಲಿ?"

ಫಾಖರ್ ನಕ್ಕು, ಗ್ಲಾಸ್ ಹಿಡಿದೇ ಎದ್ದು ಮನ್ನೂಬಿಯಳ ಕುರ್ಚಿಯ ಹಿಂದೆ ಬಂದು, ಜೇಬಿಗೆ ಕೈ ಹಾಕಿ ಬಿಳಿ ಅಡಾಪ್ಟರ್ ತೆಗೆದು ಅಂಗೈಮೇಲೆ ಕುಣಿಸಿದ.

"ಇದಾ? ನಂದೇ ತಾನೆ. ನನ್ನ ಸಾಮಾನು ತಗೊಂಡು ಹೋಗೋಕೆ ಬಂದಾಗ ಕಿತ್ಕೊಂಡು ವೈರನ್ನ ಟಿವಿಗೆ ಸಿಕ್ಕಿಸಿದ್ದೆ. ಒಂದಲ್ಲ ಒಂದು ದಿನ ಕರೀತೀರಿ ಅಂತ ಗೊತ್ತಿತ್ತು. ಕಾದೆ."

"ನಾಲ್ಕು ತಿಂಗಳು ಅದು ಮಧ್ಯೆಮಧ್ಯೆ ನಿಲ್ತಿತ್ತು ಮಗನೇ," ಅಂದಳು ಮನ್ನೂಬಿಯ. "ನನ್ನ ಕೈ ದೋಷ ಅಂದ್ಕೊಂಡಿದ್ದೆ." ಗಾಬರಿಯಲ್ಲಿ ಅವಳ ಹಲ್ಲು ಜಾರಿತು. ನಾಲಿಗೆಯಿಂದ ಒತ್ತಿ ಕೂರಿಸಿಕೊಂಡಳು.

ಅವಳ ಬೆನ್ನ ಹಿಂದೆ ನಿಂತಿದ್ದ ಫಾಖರ್ ಶಾದ್ಲಿಯತ್ತ ಕಣ್ಣು ಹೊಡೆದ. ಗಂಡಸು ಗಂಡಸಿಗೆ ಹೇಳುವ ಗುಟ್ಟಿನಂತೆ, ಕೆಳದವಡೆ ಮುಂದೆ ಚಾಚಿ, ನಾಲಿಗೆ ಹೊರಳಿಸಿ, ಬಾಯಿ ಚಪ್ಪರಿಸಿ ಅಣಕಿಸಿದ.

ಆಗ ಲೋಗೋ ಆರಿತು. ಕಪ್ಪಾದ ಪರದೆಯಲ್ಲಿ ಇಡೀ ಕೋಣೆ ಕನ್ನಡಿಯಂತೆ ಮೂಡಿತು: ಕುರ್ಚಿ, ಕುರ್ಚಿಯಲ್ಲಿ ಕೂತ ಮುದುಕಿ, ಅವಳ ತಲೆಯ ಮೇಲ್ಗಡೆ ಜೊಲ್ಲು ಸುರಿಸುವ ಆ ಬಾಯಿ.

ಮನ್ನೂಬಿಯ ಪರದೆಯನ್ನೇ ನೋಡುತ್ತಿದ್ದಳು. ಲೋಗೋ ಮತ್ತೆ ಬರುವವರೆಗೂ ನೋಡಿದಳು.

"ಸುಂದುಸ್," ಅಂದಳು, ತಿರುಗದೆ. "ಇದಕ್ಕೇನಾ?"

ಸುಂದುಸ್ ತಾಯಿಯ ಕುರ್ಚಿಯ ಬಳಿಗೆ ಬಂದಳು. "ಹೌದಮ್ಮಾ."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಊಟ ಬಿಡ್ತೀಯ ಅಂತ."

ಮನ್ನೂಬಿಯ ಮೊಣಕಾಲು ಹಿಡಿದು ಎದ್ದಳು. ಫಾಖರ್‌ನ ಕೈಯಿಂದ ಚಹಾದ ಗ್ಲಾಸನ್ನು ತೆಗೆದುಕೊಂಡಳು. ಅದರಲ್ಲಿ ಇನ್ನೂ ಅರ್ಧ ಇತ್ತು. ಅಡುಗೆಮನೆಗೆ ಹೋಗಿ ಸಿಂಕಿಗೆ ಸುರಿದ ಸದ್ದು, ಆಮೇಲೆ ಗ್ಲಾಸನ್ನು ಕಸದ ಬುಟ್ಟಿಗೆ ಹಾಕಿದ ಸದ್ದು ಎಲ್ಲರಿಗೂ ಕೇಳಿಸಿತು. ವಾಪಸ್ ಬಂದು ಬಾಗಿಲು ತೆಗೆದು ಹಿಡಿದಳು.

"ಚಹಾ ಆಯ್ತು ಮಗನೇ. ಬಾಕ್ಸು, ಅಡಾಪ್ಟರು, ಎರಡೂ ತಗೊಂಡು ಹೋಗು. ನಿನ್ನ ಬಾಯಿ ಮುಟ್ಟಿದ್ದು ಏನೂ ಈ ಮನೇಲಿ ಉಳಿಯೋದು ಬೇಡ."

"ಖಾಲ್ತಿ, ತಮಾಷೆಗೆ..."

"ಬಿಸಿಲು ಇಳಿಯೋದ್ರೊಳಗೆ ಹೊರಡು."

ಶಾದ್ಲಿ ಬಾಕ್ಸನ್ನು ಕಿತ್ತು, ವೈರನ್ನು ನೀಟಾಗಿ ಸುತ್ತಿ ಅವನ ಕೈಗಿತ್ತ. ಫಾಖರ್ ಮೆಟ್ಟಿಲಿಳಿದು ಹೋದ ಮೇಲೂ ಅತ್ತರಿನ ವಾಸನೆ ಉಳಿದಿತ್ತು. ಸುಂದುಸ್ ಕಿಟಕಿಗಳನ್ನೆಲ್ಲ ತೆರೆದಳು. ಮನ್ನೂಬಿಯ ಸೋಫಾದ ಹೊದಿಕೆ ಎಳೆದು ನೆಲಕ್ಕೆ ಹಾಕಿ, ಅದರ ಮೇಲೇ ಕೂತು ಒಂದಷ್ಟು ಹೊತ್ತು ಅತ್ತಳು. ಮಗಳು ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು. ಶಾದ್ಲಿ ಗೋಡೆಯ ಪ್ಲಗ್ಗನ್ನೇ ಪರೀಕ್ಷಿಸುತ್ತಾ ನಿಂತ, ಅದರಲ್ಲಿ ಯಾವ ತೊಂದರೆಯೂ ಇರಲಿಲ್ಲ.

ಅವನು ಹೊರಟಾಗ ಸುಂದುಸ್ ಹಿಂದೆಯೇ ಇಳಿದುಬಂದಳು. ಕೆಳಗಿನ ಬಾಗಿಲ ಬಳಿ ಅವನು ತಿರುಗಿ ನಿಂತ.

"ನಿಮ್ಮ ಅಂಗಡಿ ಹೇಸಿಗೆ," ಅಂದಳು.

"ಇದನ್ನ ಹೇಳೋಕೆ ಎರಡು ಮಹಡಿ ಇಳಿದ್ರಾ?"

"ಪೂರ್ತಿ ಕೇಳಿ. ಆ ಡಬ್ಬಿ ಹೇಸಿಗೆ. ನಿಮ್ಮ ಉಗುರು ನೋಡೋಕಾಗಲ್ಲ. ಮೇಜು ಒರೆಸೋ ಬಟ್ಟೆನ ಸುಡಬೇಕು. ಮೂರು ದಿನದಿಂದ ಕೂತಲ್ಲಿ ನಿಂತಲ್ಲಿ ಇದನ್ನೆಲ್ಲ ನೆನೆಸಿಕೊಳ್ತಿದೀನಿ." ಅವಳ ದನಿ ತಗ್ಗಿತು. "ನಿಮ್ಮ ಮೇಲೆ ಮಾತ್ರ, ಎಷ್ಟು ಪ್ರಯತ್ನಪಟ್ರೂ, ಹೇಸಿಗೆ ಬರ್ತಾ ಇಲ್ಲ."

ಶಾದ್ಲಿ ತನ್ನ ಉಗುರುಗಳನ್ನು ನೋಡಿಕೊಂಡ. ಅವತ್ತು ಅವು ತಿಕ್ಕಿ ತಿಕ್ಕಿ ಬೆಳ್ಳಗಾಗಿದ್ದವು, ಒಂದರ ಬುಡದಲ್ಲಿ ರಕ್ತ ಬಂದಿತ್ತು. ಸುಂದುಸ್ ಈಗ ಅದನ್ನು ಕಂಡಳು. ಅವಳ ಕಣ್ಣು ತುಂಬಿತು.

"ನಮ್ಮಮ್ಮ ನನಗೆ ಒಂಬತ್ತು ಹುಡುಗೀರನ್ನ ತೋರಿಸಿದ್ದಾಳೆ," ಅಂದ. "ಎಲ್ರೂ ನನ್ನನ್ನ ಹೊಗಳಿದ್ರು."

"ಮತ್ತೆ?"

"ಯಾರ ಹೊಗಳಿಕೆಗೂ ನಾನು ಉಗುರು ತಿಕ್ಕಿಕೊಂಡಿರಲಿಲ್ಲ. ಶುಕ್ರವಾರ ಅಮ್ಮನ್ನ ಕರ್ಕೊಂಡು ಬರ್ಲಾ?"

"ಪ್ಲಗ್ ನೋಡೋಕಾ?"

"ಪ್ಲಗ್ ನೋಡೋಕೆ ಅಮ್ಮ ಯಾಕೆ ಬರ್ತಾಳೆ, ಸುಂದುಸ್?"

ಅವನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ತಲೆ ತಗ್ಗಿಸಿ, "ಬನ್ನಿ," ಅಂದಳು.

ಅವನು ಚೀಲ ಹೆಗಲಿಗೇರಿಸಿ ಬೀದಿಗಿಳಿದ. ಅವನ ಅಂಗಡಿ ಇದ್ದದ್ದು ಎಡಕ್ಕೆ, ಅವನು ಗುಂಗಿನಲ್ಲಿ ಬಲಕ್ಕೆ ನಡೆದ. ಸುಂದುಸ್ ಬಾಗಿಲಿಗೊರಗಿ ನಿಂತು, ಅವನು ಮೀನಿನ ಗಾಡಿಯನ್ನೂ ದಾಟಿ ಮೂಲೆಯವರೆಗೆ ಹೋಗುವ ತನಕ ಕರೆಯದೆ ನೋಡುತ್ತಿದ್ದಳು.